ಸಿಡಿ ಪ್ಲೇಯರ್‌ನ ರಾಕ್, ಲೌಡ್‌ನೆಸ್, ಸರೌಂಡ್ ಬಟನ್ ಯಾವಾಗ ಒತ್ತಬೇಕು?

ದಾವಣಗೆರೇಲಿ ನನ್ನ ಅಂಗಡಿಗೆ ಸಿಡಿ ಸೆಟ್ ತರೋರಲ್ಲಿ ಬಹಳ ಜನ ಹೇಳೋ ಕಂಪ್ಲೇಂಟ್ ಒಂದೇ, ಹಾಡಿನ ಮಾತು ತಿಳಿಯಂಗಿಲ್ಲ ಬರೀ ದಬದಬ ಅಂತೈತೆ, ಲೆನ್ಸ್ ಹೋಗಿರ್ಬೇಕು ನೋಡ್ರಿ ಅಂತ. ಲೆನ್ಸ್ ಹೋದ್ರೆ ಹಾಡು ಎಗರುತ್ತೆ, ನಿಂತು ನಿಂತು ಬರುತ್ತೆ, ಇಲ್ಲಾ ಡಿಸ್ಕ್ ಓದೋದೇ ಇಲ್ಲ, ಆದ್ರೆ ದನಿ ಮಂಕಾಗೋದಕ್ಕೂ ಲೆನ್ಸಿಗೂ ಸಂಬಂಧ ಇಲ್ಲ. ಇಂಥ ಸೆಟ್ ಬೆಂಚ್ ಮೇಲಿಟ್ಟು ಆನ್ ಮಾಡಿದ್ರೆ ಡಿಸ್‌ಪ್ಲೇ ಮೇಲೆ ರಾಕ್ ಅಂತಿರುತ್ತೆ, ಪಕ್ಕದಲ್ಲಿ ಬಾಸ್ ಬೂಸ್ಟ್ ಲೈಟ್ ಉರೀತಿರುತ್ತೆ, ಸರೌಂಡೂ ಆನ್ ಆಗಿರುತ್ತೆ. ಮೂರನ್ನೂ ತೆಗೆದು ಫ್ಲಾಟ್‌ಗೆ, ಅಂದ್ರೆ ಯಾವ ದನೀನೂ ಏರಿಸದೆ ತಗ್ಗಿಸದೆ ಇರೋ ಸೆಟ್ಟಿಂಗ್‌ಗೆ ತಂದ್ರೆ ಅರ್ಧ ರಿಪೇರಿ ಅಲ್ಲೇ ಮುಗೀತು.

ಈ ಬಟನ್‌ಗಳು ಕೆಟ್ಟವು ಅಂತ ನಾನು ಹೇಳಲ್ಲ. ಹಾಡಿನ ಹೆಸರು ನೋಡಿ ಒತ್ತಬೇಡಿ, ನಿಮ್ಮ ರೂಮು ಎಂಥದು, ವಾಲ್ಯೂಮ್ ಎಷ್ಟಿಟ್ಟಿದೀರಿ ಅನ್ನೋದು ನೋಡಿ ಒತ್ರಿ ಅಂತೀನಿ ಅಷ್ಟೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಅಳೆದ, 16 ಬಿಟ್‌ನ ಶಬ್ದ ಇರುತ್ತೆ, ಸ್ಟುಡಿಯೋದೋರು ಕೂತು ಹದ ಮಾಡಿದ್ದು ಅದು. ರಾಕ್ ಅಂತ ಒತ್ತಿದಾಗ ಮಾಮೂಲಿ ಆಗೋದು ಏನಂದ್ರೆ ಕೆಳಗಿನ ದಪ್ಪ ದನಿ ಅಂದ್ರೆ ಬಾಸು, ಮೇಲಿನ ಚೂಪು ದನಿ ಅಂದ್ರೆ ಟ್ರೆಬಲ್ಲು, ಎರಡೂ ಏರ್ತವೆ, ನಡುವಿನದು ತಗ್ಗುತ್ತೆ. ಮನುಷ್ಯರ ದನಿ, ಹಾರ್ಮೋನಿಯಂ, ಕೊಳಲು ಎಲ್ಲಾ ಇರೋದು ಆ ನಡುವಿನಲ್ಲೇ. ವಚನದ ಸಿಡಿ ಹಾಕಿ ರಾಕ್ ಒತ್ತಿದ್ರೆ ತಬಲಾದ ಡಗ್ಗಾ ಮುಂದೆ ಬಂದು ಕೂರುತ್ತೆ, ಹಾಡೋರು ಹಿಂದೆ ಸರಿದುಬಿಡ್ತಾರೆ. ವೋಕಲ್ ಅಂತ ಒಂದು ಸೆಟ್ಟಿಂಗ್ ಕೊಟ್ಟಿದ್ರೆ ಅದು ಇದರ ಉಲ್ಟಾ, ನಡು ಎತ್ತುತ್ತೆ, ವಯಸ್ಸಾದೋರಿಗೆ ಮಾತು ಸ್ಪಷ್ಟ ಕೇಳಬೇಕಂದ್ರೆ ಒಳ್ಳೇದು. ಜಾಜ್, ಕ್ಲಾಸಿಕ್ ಅನ್ನೋವು ಒಂದೊಂದು ಕಂಪನಿ ಒಂದೊಂದು ಥರ ಮಾಡಿರ್ತವೆ, ಹೆಸರು ನಂಬಬೇಡಿ, ಕಿವಿ ನಂಬ್ರಿ.

ಲೌಡ್‌ನೆಸ್ ಬಟನ್ ಮಾತ್ರ ಬೇರೆ, ಅದರ ಹಿಂದೆ ನಿಜವಾದ ವಿಜ್ಞಾನ ಐತೆ. 1933ರಲ್ಲಿ ಫ್ಲೆಚರ್, ಮನ್ಸನ್ ಅನ್ನೋ ಇಬ್ಬರು ಅಳತೆ ಮಾಡಿ ತೋರಿಸಿದ್ರು, ಶಬ್ದ ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬಾಸ್ ಸರಿಯಾಗಿ ಕೇಳ್ಸೋದಿಲ್ಲ ಅಂತ. ರಾತ್ರಿ ಮಕ್ಕಳು ಮಲಗಿದ ಮೇಲೆ ಸಣ್ಣಗೆ ಇಟ್ಕೊಂಡು ಕೇಳ್ತೀರಲ್ಲ, ಆವಾಗ ಲೌಡ್‌ನೆಸ್ ಆನ್ ಮಾಡ್ರಿ, ಅದು ಬಾಸ್ ಎತ್ತಿ ಕೊಡುತ್ತೆ, ಹಾಡು ತುಂಬಿ ಬರುತ್ತೆ. ವಾಲ್ಯೂಮ್ ಏರಿಸಿದ ಮೇಲೆ ಆಫ್ ಮಾಡ್ಲೇಬೇಕು, ಅದನ್ನೇ ಜನ ಮರೀತಾರೆ, ವರ್ಷಗಟ್ಲೆ ಆನ್ ಆಗೇ ಇರುತ್ತೆ.

ಇನ್ನು ರೂಮಿನ ವಿಷಯ, ನನ್ನ ಪ್ರಕಾರ ಮುಕ್ಕಾಲು ಪಾಲು ಸಮಸ್ಯೆ ಇಲ್ಲೇ ಇರೋದು. ಎಂಸಿಸಿ ಬಿ ಬ್ಲಾಕ್ ಕಡೆ ಒಂದು ಮನೆಗೆ ಕರೆದಿದ್ರು, ಹೊಸ ಮನೆ, ಹಾಲಿಗೆಲ್ಲಾ ವಿಟ್ರಿಫೈಡ್ ಟೈಲ್ಸು, ಗೋಡೆ ಖಾಲಿ, ಚಪ್ಪಾಳೆ ತಟ್ಟಿದ್ರೆ ಟಣ್ ಅಂತ ವಾಪಸ್ ಬರ್ತಿತ್ತು. ಸ್ಪೀಕರ್ ಎರಡೂ ಷೋಕೇಸ್ ಒಳಗೆ, ಒಂದು ಮೂಲೆಗೆ ಒತ್ತಿ, ಇನ್ನೊಂದರ ಮುಂದೆ ಗಣಪತಿ ಮೂರ್ತಿ ಮತ್ತೆ ಫೋಟೋ ಫ್ರೇಮು. ಮೂಲೆಗಿಟ್ಟ ಸ್ಪೀಕರ್ ಬಾಸ್ ತಾನೇ ಹೆಚ್ಚು ಮಾಡುತ್ತೆ, ಮೇಲೆ ಮರದ ಷೋಕೇಸ್ ಬೇರೆ ಗುಂಯ್ ಅಂತ ನಡುಗ್ತಿತ್ತು. ಅವರು ಆ ಗುಂಯ್ ಸದ್ದು ಮುಚ್ಚಲಿಕ್ಕೆ ಟ್ರೆಬಲ್ ಏರಿಸಿದ್ರು, ಟ್ರೆಬಲ್ ಚುಚ್ಚೋಕೆ ಶುರುವಾದ್ಮೇಲೆ ಬಾಸ್ ಏರಿಸಿದ್ರು, ಹೀಗೇ ಎರಡೂ ತುದಿ ಮುಟ್ಟಿಸಿದ್ರು. ಸ್ಪೀಕರ್ ಹೊರಗೆ ತೆಗೆದು, ಗೋಡೆಯಿಂದ ಒಂದು ಅಡಿ ಮುಂದಕ್ಕೆ ಸ್ಟೂಲ್ ಮೇಲೆ ಕಿವಿ ಮಟ್ಟಕ್ಕೆ ಇಟ್ಟು, ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಟ್ವಿ, ಸೆಟ್ಟಿಂಗ್ ಫ್ಲಾಟ್. ಅದೇ ಸಿಡಿ, ಅದೇ ಸೆಟ್ಟು, ಹಾಡೋರು ಉಸಿರು ಎಳೆದುಕೊಳ್ಳೋದೂ ಕೇಳ್ತು. ಚಿತ್ರದುರ್ಗದ ಕಡೆ ಹಳೇ ಕಲ್ಲಿನ ಗೋಡೆ ಮನೆಗಳಲ್ಲೂ ಇದೇ ಕತೆ, ಕಲ್ಲು ಶಬ್ದ ಹೀರಲ್ಲ. ಚಿಕ್ಕ ರೂಮಿಗೆ ಇನ್ನೊಂದು ತೊಂದ್ರೆ ಐತೆ, ಎದುರುಬದುರು ಗೋಡೆ ನಡುವೆ 10 ಅಡಿ ಇದ್ರೆ ಸುಮಾರು 56 ಹರ್ಟ್ಜ್‌ನ ಬಾಸ್ ಅಲ್ಲೇ ಸಿಕ್ಕಿಹಾಕ್ಕೊಂಡು ಮೊಳಗುತ್ತೆ, ಗೋಡೆಗೆ ಒರಗಿ ಕೂತೋರಿಗೆ ವಿಪರೀತ, ನಡುವೆ ಕೂತೋರಿಗೆ ಏನೂ ಇಲ್ಲ. ಇದು ಯಾವ ಬಟನ್‌ನಿಂದಲೂ ಹೋಗಲ್ಲ, ಕುರ್ಚಿ ಸ್ವಲ್ಪ ಸರಿಸಿ ನೋಡ್ರಿ.

ಸರೌಂಡ್ ಬಗ್ಗೆ. ಎರಡೇ ಸ್ಪೀಕರ್ ಇರೋ ಸೆಟ್‌ಗಳಲ್ಲಿ ಇದು ಬಹುತೇಕ ಎಡ ಬಲ ಚಾನೆಲ್‌ಗಳ ನಡುವಿನ ವ್ಯತ್ಯಾಸ ಹಿಡಿದು ಅದನ್ನ ದೊಡ್ಡದು ಮಾಡುತ್ತೆ. ಕಪ್ಪು ಬಿಳುಪು ಸಿನಿಮಾ ಕಾಲದ ಹಾಡುಗಳು ಮೋನೋ, ಎರಡೂ ಕಡೆ ಒಂದೇ ಶಬ್ದ, ವ್ಯತ್ಯಾಸ ಅನ್ನೋದೇ ಇಲ್ಲ, ಹಂಗಾಗಿ ಅಂಥ ಸಿಡಿಗೆ ಸರೌಂಡ್ ಒತ್ತಿದ್ರೆ ಒಂದೋ ಏನೂ ಆಗಲ್ಲ, ಇಲ್ಲಾ ಸುಮ್ನೆ ಎಕೋ ಸೇರಿ ಹಾಡು ಕೆಡುತ್ತೆ. ಆ ಹಾಡುಗಳಿಗೆ ಟ್ರೆಬಲ್ಲೂ ಏರಿಸಬೇಡಿ, ಹಳೇ ಟೇಪಿನ ಸುಯ್ ಸದ್ದು ಅದರ ಜೊತೆ ಮೇಲೇಳುತ್ತೆ. ಸರೌಂಡ್ ಆಫ್ ಇದ್ರೂ ದನಿ ನಡುವಿನಿಂದ ಬರ್ದೆ ಎಲ್ಲೆಲ್ಲೋ ತೇಲಾಡಿದಂಗೆ ಅನ್ಸಿದ್ರೆ ಹಿಂದಿನ ವೈರ್ ನೋಡ್ರಿ, ಒಂದು ಸ್ಪೀಕರ್‌ನ ಕೆಂಪು ಕಪ್ಪು ಅದಲು ಬದಲಾಗಿರುತ್ತೆ. ಸೆಟ್ ಆಫ್ ಮಾಡಿ ಒಂದೇ ಸ್ಪೀಕರ್‌ನ ವೈರ್ ತಿರುಗಿಸಿ ಹಾಕ್ರಿ, ಯಾವ ಥರ ಹಾಕಿದಾಗ ಬಾಸ್ ಗಟ್ಟಿಯಾಗಿ ಬರುತ್ತೋ ಅದೇ ಸರಿ.

ಕೊನೇದಾಗಿ ದುಡ್ಡಿನ ವಿಷಯ. ಬಾಸ್ 3 ಡೆಸಿಬೆಲ್ ಏರಿಸಿದ್ರೆ ಆ ಭಾಗಕ್ಕೆ ಆಂಪ್ಲಿಫೈಯರ್ ಎರಡು ಪಟ್ಟು ಪವರ್ ಕೊಡಬೇಕು, 10 ಡೆಸಿಬೆಲ್ ಅಂದ್ರೆ ಹತ್ತು ಪಟ್ಟು. ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಲೆ ವಾಟ್ ಬರೆದಿರ್ತಾರೆ, ಅದು ಕ್ಷಣಮಾತ್ರದ ಜಾಹೀರಾತು ಲೆಕ್ಕ, ಅದನ್ನ ಬಿಡಿ, ಹಿಂದೆ ಆರ್‌ಎಂಎಸ್, ಅಂದ್ರೆ ಸತತವಾಗಿ ಕೊಡೋ ಪವರ್, ಎಷ್ಟು ಅಂತ ನೋಡ್ರಿ. 20 ವಾಟ್‌ನ ಸೆಟ್ಟು 5 ವಾಟ್‌ನಲ್ಲಿ ಆರಾಮಾಗಿ ಹಾಡ್ತಿರುವಾಗ 10 ಡೆಸಿಬೆಲ್ ಬೂಸ್ಟ್ ಕೇಳಿದ್ರೆ 50 ವಾಟ್ ಎಲ್ಲಿಂದ ತರಬೇಕು? ಅಲೆಯ ತಲೆ ಕತ್ತರಿಸಿ ಕೊಡುತ್ತೆ, ಅದಕ್ಕೆ ಕ್ಲಿಪ್ಪಿಂಗ್ ಅಂತೀವಿ, ಕಿವಿಗೆ ಪರಪರ ಅಂತ ಕೇಳುತ್ತೆ, ಆವಾಗ ಸುಟ್ಟು ಹೋಗೋದು ಬಹಳ ಸಲ ಬಾಸ್ ಸ್ಪೀಕರ್ ಅಲ್ಲ, ಟ್ರೆಬಲ್ ನುಡಿಸೋ ಸಣ್ಣ ಸ್ಪೀಕರ್, ಅದೇ ಟ್ವೀಟರ್. ಪರಪರ ಬಂದ ಕೂಡ್ಲೇ ಮೊದಲು ಬೂಸ್ಟ್ ತೆಗೀರಿ, ಆಮೇಲೆ ವಾಲ್ಯೂಮ್ ಇಳಿಸ್ರಿ. ಟ್ವೀಟರ್ ಹೋಗಿ ಬದಲಾಯಿಸಿಕೊಂಡ್ರೂ ಬೂಸ್ಟ್ ಅಲ್ಲೇ ಇಟ್ಟು ಅದೇ ವಾಲ್ಯೂಮ್‌ಗೆ ಹಾಕಿದ್ರೆ ಹೊಸ ಟ್ವೀಟರೂ ಉಳಿಯಲ್ಲ, ಅದಕ್ಕೇ ಸೆಟ್ ವಾಪಸ್ ಕೊಡುವಾಗ ನಾನು ಫ್ಲಾಟ್‌ನಲ್ಲೇ ಇಟ್ಟು, ಅವರ ಸಿಡಿಯನ್ನೇ ಹಾಕಿ, ಒಂದೊಂದೇ ಬಟನ್ ಒತ್ತಿ ಕೇಳಿಸಿ ಕಳಿಸೋದು.