ರಿದಮ್ ಅಂಡ್ ಬ್ಲೂಸ್: ದುಂಡು ಕಾಗದದ ಮೇಲಿನ ಹೆಸರುಗಳು

ಹಳೆಯ ಗ್ರಾಮಫೋನ್ ಪ್ಲೇಟನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು. ನಡುವಿನ ತೂತಿನ ಸುತ್ತ ಒಂದು ದುಂಡು ಕಾಗದ ಅಂಟಿಸಿರುತ್ತಾರೆ. ಮೇಲೆ ಕಂಪನಿಯ ಹೆಸರು. ಆಮೇಲೆ ಹಾಡಿನ ಹೆಸರು, ಹಾಡಿದವರ ಹೆಸರು. ಇವೆರಡರ ನಡುವೆ ಬ್ರಾಕೆಟ್ಟಿನಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಹಾಡು ಕಟ್ಟಿದವರ ಹೆಸರು. ನಮ್ಮ ಹಿರಿಯರು ‘ನಾಯಿ ಮಾರ್ಕಿನ ಪ್ಲೇಟು’ ಅಂತ ಕೇಳಿ ತರುತ್ತಿದ್ದದ್ದು ಈ ಕಾಗದದ ಮೇಲಿದ್ದ ಚಿತ್ರ ನೋಡಿಯೇ. ಈ ಕಾಗದದ ಹೆಸರು ಲೇಬಲ್. ಬರಬರುತ್ತಾ ಪ್ಲೇಟು ಹೊರತರುವ ಕಂಪನಿಯನ್ನೇ ಲೇಬಲ್ ಅನ್ನುವುದು ರೂಢಿಯಾಯಿತು.

‘ರಿದಮ್ ಅಂಡ್ ಬ್ಲೂಸ್’ ಅನ್ನುವ ಮಾತು ಅರ್ಥವಾಗಬೇಕಾದರೆ ಈ ಕಾಗದವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ರಿದಮ್ ಅಂದರೆ ಲಯ, ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ದುಃಖದ ಹಾಡು, ಎರಡೂ ಸೇರಿದರೆ ಆರ್ ಅಂಡ್ ಬಿ ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಹಾಗೆ ಬಿಡಿಸಿದರೆ ಏನೂ ಸಿಗುವುದಿಲ್ಲ. ಈ ಹೆಸರನ್ನು ಇಟ್ಟವರು ಹಾಡುಗಾರರಲ್ಲ. ಒಂದು ವ್ಯಾಪಾರದ ಪತ್ರಿಕೆ.

ಆ ಪತ್ರಿಕೆ ಬಿಲ್‌ಬೋರ್ಡ್. ಯಾವ ಪ್ಲೇಟು ಎಷ್ಟು ಮಾರಾಟವಾಯಿತು, ಕಾಸು ಹಾಕಿದರೆ ಬೇಕಾದ ಪ್ಲೇಟು ಹಾಡಿಸುವ ಜೂಕ್‌ಬಾಕ್ಸ್‌ ಪೆಟ್ಟಿಗೆಗಳಲ್ಲಿ ಜನ ಯಾವುದಕ್ಕೆ ಜಾಸ್ತಿ ಕಾಸು ಹಾಕಿದರು ಅಂತ ವಾರವಾರ ಪಟ್ಟಿ ಮಾಡುವುದು ಅದರ ಕೆಲಸ. ಕಪ್ಪು ಜನ ಕೊಳ್ಳುವ ಪ್ಲೇಟುಗಳಿಗೆ ಬೇರೆಯೇ ಪಟ್ಟಿ. 1942ರಲ್ಲಿ ಆ ಪಟ್ಟಿಗೆ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯ ಹೆಸರು ಸೇರಿಸಿ ‘ಹಾರ್ಲೆಮ್ ಹಿಟ್ ಪರೇಡ್’ ಅಂದರು. 1945ರಲ್ಲಿ ಅದು ‘ರೇಸ್ ರೆಕಾರ್ಡ್ಸ್’ ಆಯಿತು. ಇಲ್ಲಿ ರೇಸ್ ಅಂದರೆ ಜನಾಂಗ. ಈ ಮಾತು ಇನ್ನೂ ಹಳೆಯದು. 1920ರಲ್ಲಿ ಓಕೆ ಅನ್ನುವ ಕಂಪನಿಗೆ ಮೇಮಿ ಸ್ಮಿತ್ ‘ಕ್ರೇಜಿ ಬ್ಲೂಸ್’ ಹಾಡಿದರು. ಕಪ್ಪು ಜನ ದುಡ್ಡು ಕೊಟ್ಟು ಪ್ಲೇಟು ಕೊಳ್ಳುತ್ತಾರೆ ಅನ್ನುವುದು ಕಂಪನಿಗಳಿಗೆ ಆಗ ಹೊಳೆಯಿತು. ಅಲ್ಲಿಂದ ‘ರೇಸ್’ ಪ್ಲೇಟುಗಳು ಅಂತ ಬೇರೆ ಸಾಲು ಶುರುವಾಯಿತು. ಆ ಕಾಲಕ್ಕೆ ಅದು ಬೈಗುಳವೇನಲ್ಲ, ಕಪ್ಪು ಜನರ ಪತ್ರಿಕೆಗಳೇ ಹೆಮ್ಮೆಯಿಂದ ಬಳಸುತ್ತಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಾತ್ರ ಕಿವಿಗೆ ಚುಚ್ಚತೊಡಗಿತು. 1949ರ ಜೂನ್ ತಿಂಗಳಲ್ಲಿ ಬಿಲ್‌ಬೋರ್ಡ್ ಪಟ್ಟಿಯ ತಲೆಬರಹ ಬದಲಾಯಿಸಿ ‘ರಿದಮ್ ಅಂಡ್ ಬ್ಲೂಸ್’ ಅಂತ ಹಾಕಿತು. ಹೆಸರು ಸೂಚಿಸಿದ್ದು ಅಲ್ಲಿ ವರದಿಗಾರನಾಗಿದ್ದ ಜೆರ್ರಿ ವೆಕ್ಸ್‌ಲರ್.

ತಲೆಬರಹ ಬದಲಾಯಿತು, ಪಟ್ಟಿಯೊಳಗಿನ ಸಾಮಾನು ಅದೇ. ಸ್ಯಾಕ್ಸೊಫೋನ್ ಕಿರುಚುವ ಕುಣಿತದ ಹಾಡು, ರಾತ್ರಿ ಹೊತ್ತಿನ ಮೆಲ್ಲಗಿನ ಪ್ರೇಮಗೀತೆ, ನಾಲ್ಕೈದು ಹುಡುಗರು ಬೀದಿ ಮೂಲೆಯಲ್ಲಿ ನಿಂತು ಹಾಡುವಂಥ ಗುಂಪುಗಾಯನ, ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಬಂದ ಗಿಟಾರ್ ಬ್ಲೂಸ್. ಎಲ್ಲವೂ ಒಂದೇ ಡಬ್ಬಿಯಲ್ಲಿ. ದೆಹಲಿಗೆ ಹೋದ ಕನ್ನಡಿಗ, ತಮಿಳ, ತೆಲುಗ, ಮಲಯಾಳಿ ಎಲ್ಲರನ್ನೂ ಒಂದೇ ಉಸಿರಿಗೆ ‘ಮದ್ರಾಸಿ’ ಅನ್ನುತ್ತಿದ್ದರಲ್ಲ, ಹಾಗೆ. ಕೇಳುವವರು ಯಾರು ಅನ್ನುವುದನ್ನು ಆ ಹೆಸರು ಹೇಳುತ್ತಿತ್ತು, ಹಾಡು ಹೇಗಿದೆ ಅನ್ನುವುದನ್ನಲ್ಲ. ಪಟ್ಟಿಯ ಹೆಸರು ಆಮೇಲೂ ನಿಂತಲ್ಲಿ ನಿಲ್ಲಲಿಲ್ಲ. 1963ರ ಕೊನೆಯಲ್ಲಿ ಪಟ್ಟಿಯನ್ನೇ ನಿಲ್ಲಿಸಿದರು, 1965ರಲ್ಲಿ ಮತ್ತೆ ತಂದರು. 1969ರಲ್ಲಿ ‘ಸೋಲ್’ ಆಯಿತು, 1982ರಲ್ಲಿ ‘ಬ್ಲ್ಯಾಕ್’ ಆಯಿತು, 1990ರಲ್ಲಿ ಸುತ್ತಿ ಬಳಸಿ ಮತ್ತೆ ‘ಆರ್ ಅಂಡ್ ಬಿ’ಗೇ ಬಂತು. ಇವತ್ತು ಫೋನಿನ ಆ್ಯಪ್‌ನಲ್ಲಿ ಆರ್ ಅಂಡ್ ಬಿ ಅಂತ ಒತ್ತಿದರೆ ಕೇಳಿಸುವ ನುಣುಪಾದ ಹಾಡಿಗೂ 1949ರ ಹಾಡಿಗೂ ಹೋಲಿಕೆ ಹುಡುಕಿ ಸುಸ್ತಾದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಡಬ್ಬಿ ಅದೇ, ಒಳಗಿನದು ಬೇರೆ.

ಆದರೂ ಆ ಮೊದಲ ವರ್ಷಗಳ ಹಾಡುಗಳಲ್ಲಿ ಒಂದು ಸಮಾನ ಚಹರೆ ಇದೆ. ಯುದ್ಧಕ್ಕೆ ಮೊದಲು ಕುಣಿತಕ್ಕೆ ಹದಿನೈದು ಇಪ್ಪತ್ತು ಜನರ ದೊಡ್ಡ ಬ್ಯಾಂಡ್ ಇರುತ್ತಿತ್ತು. ಅಷ್ಟು ಜನರನ್ನು ಊರಿಂದ ಊರಿಗೆ ಸಾಗಿಸುವುದು ಯಾರಿಗೆ ಕಟ್ಟುತ್ತದೆ? ಲೂಯಿ ಜೋರ್ಡನ್ ಅದನ್ನು ಆರೇಳು ಜನಕ್ಕೆ ಇಳಿಸಿ, ಅಷ್ಟೇ ಗದ್ದಲ ಎಬ್ಬಿಸಿ ತೋರಿಸಿದರು. ಒಂದೆರಡು ಸ್ಯಾಕ್ಸೊಫೋನ್, ಪಿಯಾನೊ, ಬಾಸ್, ಡ್ರಮ್, ಆಮೇಲೆ ಕರೆಂಟ್ ಗಿಟಾರ್. ತಾಳದ ಎರಡು ಮತ್ತು ನಾಲ್ಕನೇ ಪೆಟ್ಟಿಗೆ ಜೋರು. ಅದರ ಮೇಲೆ ಗಂಟಲು ಬಿಚ್ಚಿ ಹಾಡುವ ದನಿ. ಹಾಡುಗಳ ವಿಷಯವೂ ಹೊಲ ಬಿಟ್ಟು ಪಟ್ಟಣಕ್ಕೆ ಬಂದಿತ್ತು. ಶನಿವಾರದ ಕೂಲಿ, ಕುಡಿತ, ಕಾರು, ಬಾಡಿಗೆ ಮನೆ, ಕೈಕೊಟ್ಟ ಗಂಡ. ದಕ್ಷಿಣದ ಹಳ್ಳಿಗಳಿಂದ ಲಕ್ಷಗಟ್ಟಲೆ ಜನ ಷಿಕಾಗೊ, ಡೆಟ್ರಾಯ್ಟ್, ಲಾಸ್ ಏಂಜಲೀಸ್ ಕಾರ್ಖಾನೆಗಳಿಗೆ ಗುಳೆ ಬಂದಿದ್ದರು. ಜೇಬಿನಲ್ಲಿ ಮೊದಲ ಬಾರಿಗೆ ನಾಲ್ಕು ಕಾಸು ಓಡಾಡುತ್ತಿತ್ತು.

ಆ ಕಾಸಿಗೆ ದೊಡ್ಡ ಕಂಪನಿಗಳು ಕೈ ಚಾಚಲಿಲ್ಲ ಅನ್ನುವುದು ವಿಚಿತ್ರ. ಅದರ ಹಿಂದೆ ನಮ್ಮ ದೇಶದ ಒಂದು ಕೀಟದ ಪಾಲೂ ಇದೆ. ಆಗಿನ 78 ಸುತ್ತಿನ ಪ್ಲೇಟು ಮಾಡುತ್ತಿದ್ದದ್ದು ಅರಗಿನಿಂದ. ಮುತ್ತುಗದಂಥ ಮರಗಳ ಕೊಂಬೆಯ ಮೇಲೆ ಅರಗಿನ ಹುಳು ಬಿಡುವ ಅಂಟು. ಪಾಂಡವರ ಅರಗಿನ ಮನೆ, ಚನ್ನಪಟ್ಟಣದ ಗೊಂಬೆಯ ಹೊಳಪು ಎಲ್ಲ ಅದೇ ಅರಗು. ಅದರ ದೊಡ್ಡ ಪಾಲು ಅಮೆರಿಕಕ್ಕೆ ಹೋಗುತ್ತಿದ್ದದ್ದು ಭಾರತದಿಂದ. ಜಪಾನ್ ಯುದ್ಧಕ್ಕೆ ಇಳಿದ ಮೇಲೆ ಹಡಗು ದಾರಿ ಕಷ್ಟವಾಯಿತು, ಇದ್ದ ಅರಗು ಯುದ್ಧದ ಸಾಮಗ್ರಿಗೆ ಹೋಯಿತು. 1942ರಲ್ಲಿ ಪ್ಲೇಟಿನ ಕಂಪನಿಗಳಿಗೆ ಸಿಗುವ ಅರಗನ್ನು ಸರ್ಕಾರ ತೀರಾ ಇಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ವಾದ್ಯಗಾರರ ಸಂಘ ರೆಕಾರ್ಡಿಂಗ್‌ಗೆ ಮುಷ್ಕರ ಹೂಡಿತು. ಕೊಲಂಬಿಯಾ ಮತ್ತು ವಿಕ್ಟರ್ ಕಂಪನಿಗಳ ಮಟ್ಟಿಗೆ ಅದು ಮುಗಿದದ್ದು 1944ರ ನವೆಂಬರ್‌ನಲ್ಲಿ. ಅರಗು ಕಡಿಮೆ, ವಾದ್ಯಗಾರರು ಇಲ್ಲ. ಸಿಕ್ಕ ಅರಗನ್ನು ದೊಡ್ಡ ಕಂಪನಿಗಳು ಬಿಳಿಯರ ಜನಪ್ರಿಯ ಹಾಡುಗಾರರಿಗೆ ಮೀಸಲಿಟ್ಟವು. ಕಪ್ಪು ಜನರ ಪ್ಲೇಟುಗಳ ಸಾಲು ಬಡವಾಯಿತು.

ಖಾಲಿ ಬಿದ್ದ ಆ ಜಾಗಕ್ಕೆ ನುಗ್ಗಿದವರು ಸಂಗೀತದವರೇ ಅಂತೇನಲ್ಲ. ಪ್ಲೇಟಿನ ಅಂಗಡಿಯವರು, ಜೂಕ್‌ಬಾಕ್ಸ್ ಇಡುವವರು, ನೈಟ್‌ಕ್ಲಬ್ ಮಾಲೀಕರು. ಜೂಕ್‌ಬಾಕ್ಸ್‌ನಲ್ಲಿ ಯಾವ ಹಾಡಿಗೆ ಕಾಸು ಬೀಳುತ್ತದೆ ಅನ್ನುವುದು ಇವರಿಗೆ ದಿನಾ ಎಣಿಸಿ ಗೊತ್ತಿತ್ತು. ನ್ಯೂಅರ್ಕ್‌ನಲ್ಲಿ ಸವಾಯ್, ಲಾಸ್ ಏಂಜಲೀಸ್‌ನಲ್ಲಿ ಮಾಡರ್ನ್, ಸ್ಪೆಷಾಲ್ಟಿ, ಅಲಾದ್ದೀನ್, ಇಂಪೀರಿಯಲ್, ಷಿಕಾಗೊದಲ್ಲಿ ಪೋಲೆಂಡಿನಿಂದ ವಲಸೆ ಬಂದ ಅಣ್ಣತಮ್ಮಂದಿರ ಚೆಸ್. ದೊಡ್ಡ ಕಂಪನಿಗಳ ಎದುರು ಇವು ‘ಸಣ್ಣ ಲೇಬಲ್’ಗಳು. ಅಟ್ಲಾಂಟಿಕ್ ಲೇಬಲ್ ಶುರು ಮಾಡಿದವರಲ್ಲಿ ಒಬ್ಬರಾದ ಆಹ್ಮೆತ್ ಎರ್ಟೆಗುನ್, ಟರ್ಕಿಯ ರಾಯಭಾರಿಯ ಮಗ. 1947ರಲ್ಲಿ ಕಂಪನಿಗೆ ಬೇಕಾದ 10,000 ಡಾಲರ್ ಕೊಟ್ಟದ್ದು ಅವರ ಮನೆಯ ಹಲ್ಲಿನ ಡಾಕ್ಟರ್. ಸ್ಟುಡಿಯೊ ಅಂತ ಬೇರೆ ಇರಲಿಲ್ಲ. ಸಂಜೆ ಆಫೀಸಿನ ಮೇಜುಗಳನ್ನು ಪಕ್ಕಕ್ಕೆ ತಳ್ಳಿ, ಅಲ್ಲೇ ಮೈಕು ಇಟ್ಟು ಹಾಡಿಸುತ್ತಿದ್ದರು.

ನನಗೆ ಇವರೆಲ್ಲರಲ್ಲಿ ಜಾಸ್ತಿ ಮಜಾ ಅನ್ನಿಸುವವನು ಸಿಡ್ ನೇಥನ್. ದಪ್ಪ ಕನ್ನಡಕ, ಆಸ್ತಮಾ, ಸದಾ ಕೂಗಾಟ. ಸಿನ್ಸಿನಾಟಿಯಲ್ಲಿ ಪ್ಲೇಟಿನ ಅಂಗಡಿ ಇಟ್ಟಿದ್ದವನು 1943ರಲ್ಲಿ ಕಿಂಗ್ ಲೇಬಲ್ ತೆರೆದ. ಹಾಡಿಸುವುದು, ಪ್ಲೇಟು ಒತ್ತುವುದು, ಲೇಬಲ್ ಛಾಪಿಸುವುದು, ಪೆಟ್ಟಿಗೆ ಕಟ್ಟಿ ಕಳಿಸುವುದು, ಎಲ್ಲ ಒಂದೇ ಸೂರಿನಡಿ. ಬಿಳಿಯರ ಹಳ್ಳಿ ಹಾಡೂ ಅಲ್ಲೇ, ಕಪ್ಪು ಜನರ ಬ್ಲೂಸೂ ಅಲ್ಲೇ. ಹ್ಯಾಂಕ್ ಪೆನಿ ಅನ್ನುವ ಬಿಳಿಯ ಗಾಯಕ ಹಾಡಿದ ‘ಬ್ಲಡ್‌ಷಾಟ್ ಐಸ್’ ಹಾಡನ್ನು ಕಪ್ಪು ಗಾಯಕ ವೈನೋನಿ ಹ್ಯಾರಿಸ್ ಕೈಯಲ್ಲಿ ಹಾಡಿಸಿ ಎರಡು ಪೇಟೆಗೂ ಮಾರಿದ. ಇದನ್ನು ನೋಡಿ ಎಂಥ ಸಮಾನತೆ ಅಂತ ಕಣ್ಣೊರೆಸಿಕೊಳ್ಳುವ ಮೊದಲು ಲೆಕ್ಕ ನೋಡಬೇಕು. ಹಾಡಿನ ಹಕ್ಕು ತನ್ನದೇ ಪ್ರಕಾಶನದಲ್ಲಿದ್ದರೆ, ಯಾರು ಹಾಡಿದರೂ ಕಾಸು ಬರುವುದು ನೇಥನ್ ಮನೆಗೆ. ಹಾಗಂತ ಅವನನ್ನು ಸುಮ್ನೆ ತೆಗೆದುಹಾಕುವಂತಿಲ್ಲ. ಹೆನ್ರಿ ಗ್ಲೋವರ್ ಅನ್ನುವ ಕಪ್ಪು ಸಂಗೀತಗಾರನಿಗೆ, ಬಿಳಿಯ ಹಾಡುಗಾರರ ರೆಕಾರ್ಡಿಂಗನ್ನೂ ಸೇರಿಸಿ, ಇಡೀ ಸ್ಟುಡಿಯೊದ ಉಸ್ತುವಾರಿ ಕೊಟ್ಟಿದ್ದ. ಆ ಕಾಲದಲ್ಲಿ ಅಪರೂಪದ ಮಾತು.

ಈಗ ಹಾಡು ಕಟ್ಟಿದವರ ಹೆಸರಿದ್ದ ಆ ಬ್ರಾಕೆಟ್ಟಿಗೆ ಬರೋಣ. ಅಮೆರಿಕದಲ್ಲಿ ಒಂದು ಪ್ಲೇಟು ಮಾರಾಟವಾದರೆ ಅದರಲ್ಲಿರುವ ಪ್ರತಿ ಹಾಡಿಗೆ 2 ಸೆಂಟ್ ರಾಯಲ್ಟಿ ಅಂತ ಕಾನೂನಿನಲ್ಲೇ ಇತ್ತು. ಅದು ಹಾಡು ಕಟ್ಟಿದವರಿಗೆ ಮತ್ತು ಅದರ ಪ್ರಕಾಶಕರಿಗೆ. ರೇಡಿಯೊದಲ್ಲಿ ಹಾಡು ಬಂದರೂ ದುಡ್ಡು ಇವರಿಗೇ. ಹಾಡಿದವರಿಗೆ ರೇಡಿಯೊದಿಂದ ಬಿಡಿಗಾಸೂ ಇಲ್ಲ. ಅಂದಮೇಲೆ ದುಡ್ಡಿರುವುದು ದಪ್ಪ ಅಕ್ಷರದ ಹೆಸರಿನಲ್ಲಲ್ಲ, ಸಣ್ಣ ಅಕ್ಷರದ ಹೆಸರಿನಲ್ಲಿ, ಅಲ್ವಾ? ಬ್ಲೂಸ್ ಗಾಯಕ ಬಿ. ಬಿ. ಕಿಂಗ್ ಅವರ ಹಳೆಯ ಪ್ಲೇಟು ನೋಡಿದರೆ ಅವರ ಹೆಸರಿನ ಜೊತೆ ‘ಟೌಬ್’, ‘ಜೋಸಿಯಾ’ ಅಂತ ಇರುತ್ತದೆ. ಅಂಥ ಕವಿಗಳು ಹುಟ್ಟಿಯೇ ಇಲ್ಲ. ಮಾಡರ್ನ್ ಲೇಬಲ್ ನಡೆಸುತ್ತಿದ್ದ ಬಿಹಾರಿ ಸಹೋದರರು ಇಟ್ಟುಕೊಂಡ ಕಳ್ಳ ಹೆಸರುಗಳವು. (ಈ ಬಿಹಾರಿಗಳಿಗೂ ನಮ್ಮ ಬಿಹಾರಕ್ಕೂ ಸಂಬಂಧವಿಲ್ಲ. ಹಂಗೇರಿ ಮೂಲದ ಯಹೂದಿ ಕುಟುಂಬ.) 1955ರಲ್ಲಿ ಚೆಸ್ ಲೇಬಲ್‌ನಿಂದ ಚಕ್ ಬೆರ್ರಿಯ ‘ಮೇಬೆಲೀನ್’ ಬಂದಾಗ, ಕಟ್ಟಿದವರ ಸಾಲಿನಲ್ಲಿ ರೇಡಿಯೊ ನಿರೂಪಕ ಅಲನ್ ಫ್ರೀಡ್ ಹೆಸರೂ ಇತ್ತು. ಫ್ರೀಡ್ ಒಂದು ಸಾಲೂ ಬರೆದಿರಲಿಲ್ಲ. ರೇಡಿಯೊದಲ್ಲಿ ಹಾಕಲಿ ಅಂತ ಕೊಟ್ಟ ದಕ್ಷಿಣೆ ಅದು.

ಬಿಳಿಯ ಮಾಲೀಕರು ಕಪ್ಪು ಗಾಯಕರನ್ನು ದೋಚಿದರು ಅಂತ ಇಡೀ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ಅದು ಬಹುಮಟ್ಟಿಗೆ ನಿಜ, ಪೂರ್ತಿ ನಿಜ ಅಲ್ಲ. ಹ್ಯೂಸ್ಟನ್ ನಗರದ ಪೀಕಾಕ್ ಲೇಬಲ್ ಮಾಲೀಕ ಡಾನ್ ರೋಬಿ ಸ್ವತಃ ಕಪ್ಪು ಜನಾಂಗದವರು, ನೈಟ್‌ಕ್ಲಬ್ ನಡೆಸುತ್ತಿದ್ದರು. ಅವರದೂ ಒಂದು ಕಳ್ಳ ಹೆಸರಿತ್ತು, ಡೆಡ್ರಿಕ್ ಮಲೋನ್. 1953ರಲ್ಲಿ ಅವರ ಲೇಬಲ್‌ನಿಂದ ಬಿಗ್ ಮಾಮಾ ಥಾರ್ನ್‌ಟನ್ ಹಾಡಿದ ‘ಹೌಂಡ್ ಡಾಗ್’ ಬಂತು. ಆರ್ ಅಂಡ್ ಬಿ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನ. ಅದರಿಂದ ತನಗೆ ಬಂದದ್ದು 500 ಡಾಲರಿನ ಒಂದೇ ಒಂದು ಚೆಕ್ಕು ಅಂತ ಆಕೆ ಆಮೇಲೆ ಹೇಳಿದರು. ಮೂರು ವರ್ಷದ ನಂತರ ಎಲ್ವಿಸ್ ಪ್ರೆಸ್ಲಿ ಅದೇ ಹಾಡನ್ನು ಹಾಡಿ ಲೋಕವೆಲ್ಲ ಕೇಳುವಂತೆ ಮಾಡಿದ್ದು ಗೊತ್ತೇ ಇದೆ.

ಕಾಗದದ ಮೇಲೆ ಬ್ಯಾಂಡಿನ ಹೆಸರೇ ತಪ್ಪಾಗುವುದೂ ಇತ್ತು. 1951ರ ಮಾರ್ಚ್‌ನಲ್ಲಿ ಐಕ್ ಟರ್ನರ್ ಎಂಬ ಹುಡುಗನ ಬ್ಯಾಂಡು ಮಿಸಿಸಿಪ್ಪಿಯಿಂದ ಕಾರಿನಲ್ಲಿ ಮೆಂಫಿಸ್‌ಗೆ ಹೊರಟಿತು, ಸ್ಯಾಮ್ ಫಿಲಿಪ್ಸ್‌ನ ಪುಟ್ಟ ಸ್ಟುಡಿಯೊಗೆ. ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಕೆಟ್ಟಿತು. ರಿಪೇರಿಗೆ ಹೊತ್ತಿಲ್ಲ. ಫಿಲಿಪ್ಸ್ ಹರಿದ ಸ್ಪೀಕರಿನೊಳಗೆ ಕಾಗದ ತುರುಕಿದ. ಬಂದ ಗೊರಗೊರ ಸದ್ದು ಅವನಿಗೆ ಹಿಡಿಸಿಬಿಟ್ಟಿತು. ಅದೇ ‘ರಾಕೆಟ್ 88’. ಫಿಲಿಪ್ಸ್‌ಗೆ ಆಗಿನ್ನೂ ಸ್ವಂತ ಲೇಬಲ್ ಇರಲಿಲ್ಲ, ಷಿಕಾಗೊದ ಚೆಸ್‌ಗೆ ಕಳಿಸಿದ. ಪ್ಲೇಟಿನ ಮೇಲೆ ಬಂದ ಹೆಸರು ‘ಜಾಕಿ ಬ್ರೆನ್‌ಸ್ಟನ್ ಮತ್ತು ಅವನ ಡೆಲ್ಟಾ ಕ್ಯಾಟ್ಸ್’. ಬ್ರೆನ್‌ಸ್ಟನ್ ಟರ್ನರ್‌ನ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದವನು, ಈ ಹಾಡು ಹಾಡಿದವನು. ಡೆಲ್ಟಾ ಕ್ಯಾಟ್ಸ್ ಅನ್ನುವ ಬ್ಯಾಂಡು ಇರಲೇ ಇಲ್ಲ.

ಇನ್ನು ರೂತ್ ಬ್ರೌನ್. 1948ರಲ್ಲಿ, ಇಪ್ಪತ್ತರ ಹುಡುಗಿ, ಹಾರ್ಲೆಮ್‌ನ ಅಪಾಲೊ ರಂಗಮಂದಿರದಲ್ಲಿ ಹಾಡಲು ಹೊರಟಿದ್ದಾಗ ಕಾರು ಅಪಘಾತವಾಯಿತು. ಕಾಲಿಗೆ ಬಲವಾದ ಪೆಟ್ಟು. ಅಟ್ಲಾಂಟಿಕ್ ಜೊತೆ ಕರಾರಿಗೆ ಸಹಿ ಹಾಕಿದ್ದು ಆಸ್ಪತ್ರೆಯ ಹಾಸಿಗೆಯಲ್ಲೇ. ಊರುಗೋಲು ಹಿಡಿದು ಬಂದು ಮೊದಲ ಹಾಡು ಹಾಡಿದರು. 1950ರ ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ಆರ್ ಅಂಡ್ ಬಿ ಪಟ್ಟಿಯಲ್ಲಿ ಹನ್ನೊಂದು ವಾರ ಮೊದಲ ಸ್ಥಾನದಲ್ಲಿತ್ತು. ಅಟ್ಲಾಂಟಿಕ್ ಕಂಪನಿಯನ್ನು ಜನ ‘ರೂತ್ ಕಟ್ಟಿದ ಮನೆ’ ಅನ್ನತೊಡಗಿದರು. ಆದರೆ ಹತ್ತು ವರ್ಷದಲ್ಲಿ ಕೇಳುಗರ ರುಚಿ ಬದಲಾಯಿತು. ರೂತ್ ಮಕ್ಕಳನ್ನು ಸಾಕಲು ಶಾಲಾ ಬಸ್ ಓಡಿಸಿದರು, ಮನೆಗೆಲಸ ಮಾಡಿದರು. ರಾಯಲ್ಟಿ ಎಲ್ಲಿ ಅಂದರೆ, ಲೆಕ್ಕದ ಪ್ರಕಾರ ಆಕೆಯೇ ಕಂಪನಿಗೆ ಬಾಕಿ. ಆಗಿನ ಕರಾರು ಹಾಗಿತ್ತು. ಸ್ಟುಡಿಯೊ ಖರ್ಚು, ವಾದ್ಯಗಾರರ ಕೂಲಿ, ಎಲ್ಲವನ್ನೂ ಹಾಡಿದವರ ಖಾತೆಗೇ ಬರೆಯುತ್ತಿದ್ದರು. ನಮ್ಮಲ್ಲಿ ಜೀತದ ಸಾಲ ಅನ್ನುತ್ತಾರಲ್ಲ, ತೀರದೇ ಬೆಳೆಯುವುದು, ಅದರ ನಯವಾದ ತಮ್ಮ.

ಆಕೆ ಬಿಡಲಿಲ್ಲ. ಚಿಕ್ಕಂದಿನಿಂದ ಆಕೆಯ ಅಭಿಮಾನಿಯಾಗಿದ್ದ ಹಾವೆಲ್ ಬೆಗ್ಲ್ ಎಂಬ ವಕೀಲ ಬೆನ್ನಿಗೆ ನಿಂತರು. ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ 1988ರಲ್ಲಿ ಅಟ್ಲಾಂಟಿಕ್ ಒಪ್ಪಿತು. ಆಕೆಯೂ ಸೇರಿ ಹಳೆಯ ಹತ್ತಾರು ಗಾಯಕರ ‘ಬಾಕಿ’ ಅಳಿಸಿ, ಹಿಂದಿನ ವರ್ಷಗಳ ರಾಯಲ್ಟಿ ಕೊಟ್ಟಿತು. ಹಳೆಯ ಕಲಾವಿದರ ನೆರವಿಗೆ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿದ್ದೂ ಆಗಲೇ. ವ್ಯಾಪಾರದ ಪತ್ರಿಕೆಯೊಂದು ಪಟ್ಟಿಗೆ ಇಟ್ಟ ಹೆಸರನ್ನು ನಲವತ್ತು ವರ್ಷದ ನಂತರ ಹಾಡುಗಾರರು ತಮ್ಮದೇ ಬೋರ್ಡಿನ ಮೇಲೆ ಬರೆಸಿಕೊಂಡರು.

ಕೇಳಿ ನೋಡುವುದಾದರೆ ಆ ‘ಟಿಯರ್‌ಡ್ರಾಪ್ಸ್’ ಇಂದಲೇ ಶುರು ಮಾಡಿ. ಮೂರು ನಿಮಿಷವೂ ಇಲ್ಲ. ರೂತ್ ಬ್ರೌನ್ ದನಿ ಕೆಲವು ಪದಗಳ ತುದಿಯಲ್ಲಿ ಕೀಚಲಾಗಿ ಒಡೆಯುತ್ತದೆ. ಅದು ತಪ್ಪಲ್ಲ, ಬೇಕಂತಲೇ ಮಾಡಿದ್ದು. ಆ ದನಿ ಒಡೆಯುವ ಜಾಗಕ್ಕಾಗಿಯೇ ಜನ ಮತ್ತೆ ಮತ್ತೆ ಕಾಸು ಹಾಕುತ್ತಿದ್ದರು.