ಗಿನಿ ಪಿಗ್ ಬೆನ್ನಿನಿಂದ ಗಾಜಿನ ಸೀಸೆಗೆ: ಚರ್ಮದ ಅಲರ್ಜಿ ಪರೀಕ್ಷೆ ನಡೆದು ಬಂದ ದಾರಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಇದ್ದೇ ಇರುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ನೋಡನೋಡುತ್ತಾ ದೇಶವೆಲ್ಲ ಹಬ್ಬಿತು. ಅದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು, ಆದರೂ ಗಿಡ ಹೋಗಲಿಲ್ಲ. ಅದನ್ನು ಕೀಳುವ ಮಾಲಿಗಳು, ರೈತರು, ಪೌರಕಾರ್ಮಿಕರಲ್ಲಿ ಕೆಲವರಿಗೆ ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಎಲ್ಲ ಕೆಂಪಾಗುತ್ತದೆ, ನವೆ ಹತ್ತುತ್ತದೆ, ಕೊನೆಗೆ ಚರ್ಮವೇ ದಪ್ಪಗಟ್ಟಿ ಬಿರುಕು ಬಿಡುತ್ತದೆ. ಇದರಲ್ಲಿ ವಿಚಿತ್ರ ಏನೆಂದರೆ, ಮೊದಲ ಸಲ ಕಿತ್ತಾಗ ಏನೂ ಆಗಿರುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಟ್ಟಿದ ಮೇಲೆ ಒಂದು ದಿನ ಶುರುವಾಗುತ್ತದೆ. ಶುರುವಾದ ಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ.

ಹೇರ್ ಡೈ ಹಚ್ಚಿಕೊಂಡು ಮುಖ ಊದಿಸಿಕೊಳ್ಳುವವರದ್ದು, ಗಿಲೀಟು ಓಲೆ ಹಾಕಿ ಕಿವಿ ಸೋರಿಸಿಕೊಳ್ಳುವವರದ್ದು, ಸಿಮೆಂಟ್ ಕಲಸಿ ಕೈ ಒಡೆಸಿಕೊಳ್ಳುವ ಗಾರೆ ಕೆಲಸದವರಲ್ಲಿ ಹಲವರದ್ದು ಇದೇ ಕಾಯಿಲೆ. ಡೈಯಲ್ಲಿ ಪಿಪಿಡಿ ಎಂಬ ಬಣ್ಣದ ಪದಾರ್ಥ, ಓಲೆಯಲ್ಲಿ ನಿಕಲ್, ಸಿಮೆಂಟಿನಲ್ಲಿ ಕ್ರೋಮಿಯಂ. ಕಾರಣ ಬೇರೆ ಬೇರೆ, ಒಳಗೆ ನಡೆಯುವುದು ಹೆಚ್ಚೂಕಡಿಮೆ ಒಂದೇ.

ಹಾಗಾದರೆ ಹೊಸ ಕ್ರೀಮಿಗೆ, ಸೋಪಿಗೆ, ಪೇಂಟಿಗೆ ಹೊಸ ರಾಸಾಯನಿಕ ಸೇರಿಸುವ ಮುಂಚೆಯೇ ಅದು ಅಲರ್ಜಿ ಹುಟ್ಟಿಸುತ್ತದಾ ಅಂತ ತಿಳಿಯುವುದು ಹೇಗೆ? ಹತ್ತಿರ ಹತ್ತಿರ 90 ವರ್ಷದಿಂದ ವಿಜ್ಞಾನಿಗಳು ಈ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ. ಅಷ್ಟೂ ಕಾಲದಲ್ಲಿ ಬಹುಪಾಲು ಉತ್ತರ ಬಂದಿದ್ದು ಪ್ರಾಣಿಗಳ ಮೈಮೇಲಿಂದ.

ಮುಂದೆ ಹೋಗುವ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಚರ್ಮದ ಡಾಕ್ಟರು ಮಾಡುವ ಪ್ಯಾಚ್ ಟೆಸ್ಟ್ ಬೇರೆ, ನಾನು ಹೇಳುತ್ತಿರುವ ಪರೀಕ್ಷೆ ಬೇರೆ. ಪ್ಯಾಚ್ ಟೆಸ್ಟನ್ನು 1895ರಲ್ಲಿ ಯೋಸೆಫ್ ಯಾಡಾಸೋನ್ ಎಂಬ ಜರ್ಮನ್ ವೈದ್ಯ ಮೊದಲು ವಿವರಿಸಿದ್ದು. ಇವತ್ತಿಗೂ ಕ್ರಮ ಹೆಚ್ಚು ಬದಲಾಗಿಲ್ಲ. ಬಿಲ್ಲೆಯಷ್ಟು ಸಣ್ಣ ಅಲ್ಯೂಮಿನಿಯಂ ಬಟ್ಟಲುಗಳಲ್ಲಿ ಒಂದೊಂದು ಪದಾರ್ಥ ತುಂಬಿ, ಸಾಲಾಗಿ ಬೆನ್ನಿಗೆ ಟೇಪ್ ಹಾಕಿ ಅಂಟಿಸುತ್ತಾರೆ, ಪಕ್ಕದಲ್ಲಿ ಪೆನ್ನಿನಿಂದ ಗುರುತು ಹಾಕುತ್ತಾರೆ, ಎರಡು ದಿನ ಬೆನ್ನು ನೆನೆಸಬೇಡಿ ಅಂತ ಹೇಳಿ ಕಳಿಸುತ್ತಾರೆ. ತೆಗೆದಾಗ ಯಾವ ಜಾಗ ಕೆಂಪಗೆ ಉಬ್ಬಿದೆಯೋ ಅದೇ ಕಳ್ಳ. ಭಾರತದಲ್ಲಿ ಬಳಸುವ ಸೆಟ್ಟಿನಲ್ಲಿ ಪಾರ್ಥೇನಿಯಂ ಕೂಡ ಇರುತ್ತದೆ. ಆದರೆ ಇದು ಹೇಳುವುದು ಈಗಾಗಲೇ ಅಲರ್ಜಿ ಆಗಿರುವವರಿಗೆ ಯಾವುದರಿಂದ ಆಗಿದೆ ಅಂತ ಮಾತ್ರ. ಇನ್ನೂ ಮಾರುಕಟ್ಟೆಗೇ ಬರದ ಪದಾರ್ಥದ ಬಗ್ಗೆ ಇದು ಏನೂ ಹೇಳಲಾರದು.

ಅದಕ್ಕೆ ಬೇಕಾದ ಸುಳಿವು ಸಿಕ್ಕಿದ್ದು 1935ರಲ್ಲಿ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಗೊತ್ತಲ್ಲ, ಅವರೇ ಜಾನ್ ಜೇಕಬ್ಸ್ ಜೊತೆ ಸೇರಿ ಗಿನಿ ಪಿಗ್‌ಗಳ ಮೇಲೆ ಸರಳ ರಾಸಾಯನಿಕಗಳನ್ನು ಪ್ರಯೋಗ ಮಾಡಿದರು. ಅಲರ್ಜಿ ಹುಟ್ಟಿಸುವ ರಾಸಾಯನಿಕಗಳು ತುಂಬಾ ಸಣ್ಣ ಕಣಗಳು. ಅವು ತಾವಾಗಿಯೇ ದೇಹದ ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳುವುದಿಲ್ಲ. ಚರ್ಮದೊಳಗಿನ ಪ್ರೊಟೀನಿಗೆ ಗಟ್ಟಿಯಾಗಿ ಅಂಟಿಕೊಂಡ ಮೇಲೇ ದೇಹಕ್ಕೆ ಅದು ಹೊರಗಿನದ್ದು ಅನ್ನಿಸುವುದು. ಈ ಒಂದು ತಿಳಿವಳಿಕೆ ಎಷ್ಟು ದೊಡ್ಡದು ಅಂತ ಗೊತ್ತಾಗಲು ಇನ್ನೂ 70 ವರ್ಷ ಬೇಕಾಯಿತು. ಆಗ ಎಲ್ಲರೂ ಹಿಡಿದುಕೊಂಡಿದ್ದು ಗಿನಿ ಪಿಗ್ಗನ್ನೇ.

1965ರಲ್ಲಿ ಗಿನಿ ಪಿಗ್ ಚರ್ಮಕ್ಕೆ ರಾಸಾಯನಿಕದ ಪಟ್ಟಿ ಕಟ್ಟಿ ನೋಡುವ ಬ್ಯೂಲರ್ ವಿಧಾನ ಬಂತು. 1969ರಲ್ಲಿ ಮ್ಯಾಗ್ನುಸನ್ ಮತ್ತು ಕ್ಲಿಗ್‌ಮನ್ ಇನ್ನೂ ಕಠಿಣವಾದದ್ದೊಂದನ್ನು ತಂದರು. ಕಂಪನಿಗಳು, ಸರ್ಕಾರಗಳು ದಶಕಗಟ್ಟಲೆ ನಂಬಿದ್ದು ಇದನ್ನೇ, ಹಾಗಾಗಿ ಅದರಲ್ಲಿ ಏನು ಮಾಡುತ್ತಿದ್ದರು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಗಿನಿ ಪಿಗ್‌ನ ಹೆಗಲ ಹತ್ತಿರ ಕೂದಲು ಬೋಳಿಸಿ ಚರ್ಮದೊಳಕ್ಕೆ ಜೋಡಿ ಜೋಡಿ ಇಂಜೆಕ್ಷನ್ ಕೊಡುತ್ತಾರೆ. ಒಂದರಲ್ಲಿ ರಾಸಾಯನಿಕ, ಇನ್ನೊಂದರಲ್ಲಿ ಎಣ್ಣೆಯಲ್ಲಿ ಬೆರೆಸಿದ ಸತ್ತ ಕ್ಷಯದ ಬ್ಯಾಕ್ಟೀರಿಯಾ, ಮತ್ತೊಂದರಲ್ಲಿ ಎರಡೂ. ಬ್ಯಾಕ್ಟೀರಿಯಾ ಯಾಕೆ? ದೇಹವನ್ನು ಕೆರಳಿಸಿ ಅಲರ್ಜಿ ಬೇಗ ಹುಟ್ಟುವ ಹಾಗೆ ಮಾಡಲು. ಒಂದು ವಾರದ ನಂತರ ಅದೇ ಜಾಗಕ್ಕೆ ರಾಸಾಯನಿಕ ಹಚ್ಚಿ 48 ಗಂಟೆ ಪಟ್ಟಿ ಕಟ್ಟುತ್ತಾರೆ. ಮೊದಲ ಇಂಜೆಕ್ಷನ್ ಆಗಿ ಸುಮಾರು ಮೂರು ವಾರಕ್ಕೆ ಪಕ್ಕೆಗೆ ಹಚ್ಚಿ, ಎಷ್ಟು ಕೆಂಪಾಗಿದೆ ಅಂತ ಕಣ್ಣಳತೆಯಲ್ಲಿ ನೋಡಿ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಒಂದು ರಾಸಾಯನಿಕಕ್ಕೆ ಕನಿಷ್ಠ 10 ಪ್ರಾಣಿ, ಹೋಲಿಕೆಗೆ ಇನ್ನು 5. ಪದಾರ್ಥಕ್ಕೇ ಬಣ್ಣ ಇದ್ದರೆ ಕೆಂಪು ಯಾವುದು, ಬಣ್ಣ ಯಾವುದು ಅಂತ ಹೇಳುವುದೂ ಕಷ್ಟ. ಒಇಸಿಡಿ, ಅಂದರೆ ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟ, 1981ರಲ್ಲಿ ಇವುಗಳಿಗೆ 406ನೇ ಮಾರ್ಗಸೂಚಿ ಅಂತ ಅಧಿಕೃತ ಮುದ್ರೆ ಒತ್ತಿತು.

ಇಲ್ಲಿ ಇನ್ನೊಂದು ಕರಾಳ ಅಧ್ಯಾಯವಿದೆ, ಬಿಟ್ಟು ಹೋಗಲು ಮನಸ್ಸು ಒಪ್ಪುವುದಿಲ್ಲ. ಇದೇ ಆಲ್ಬರ್ಟ್ ಕ್ಲಿಗ್‌ಮನ್ ಅಮೆರಿಕದ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ವರ್ಷಗಟ್ಟಲೆ ಕೈದಿಗಳ ಚರ್ಮದ ಮೇಲೆ ಪ್ರಯೋಗ ನಡೆಸಿದರು. ಮನುಷ್ಯರ ಮೇಲಿನ ಅಲರ್ಜಿ ಪರೀಕ್ಷೆಯ ಅವರ ವಿಧಾನ 1966ರಲ್ಲಿ ಪ್ರಕಟವಾಯಿತು. 1974ರಲ್ಲಿ ಜೈಲಿನ ಪ್ರಯೋಗಗಳು ನಿಂತವು. ಪ್ರಾಣಿ ಬೇಡ ಎಂದಾಕ್ಷಣ "ಹಾಗಾದರೆ ಮನುಷ್ಯರ ಮೇಲೆ ಮಾಡ್ತೀರಾ?" ಅಂತ ಕೇಳುವವರಿದ್ದಾರೆ ಅಲ್ವಾ, ಅದನ್ನೂ ಮಾಡಿ ಮುಗಿಸಿದ್ದಾರೆ, ಆಯ್ಕೆಯೇ ಇಲ್ಲದವರ ಮೇಲೆ. ಆ ವಿಧಾನದಿಂದ ಬಂದ ಮಾಹಿತಿ ಇವತ್ತಿನ ಹೊಸ ಪರೀಕ್ಷೆಗಳು ಸರಿಯಿವೆಯಾ ಅಂತ ತಾಳೆ ನೋಡಲೂ ಬಳಕೆಯಾಗಿದೆ.

ಪ್ರಾಣಿ ಪ್ರಯೋಗ ಕಡಿಮೆ ಮಾಡಬೇಕು ಎಂಬ ಯೋಚನೆ ಹಳೆಯದೇ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಮೂರು ಸೂತ್ರ ಹೇಳಿದರು: ಸಾಧ್ಯವಾದರೆ ಪ್ರಾಣಿಯ ಬದಲು ಬೇರೆ ದಾರಿ, ಇಲ್ಲದಿದ್ದರೆ ಕಡಿಮೆ ಪ್ರಾಣಿ, ಅದೂ ಇಲ್ಲದಿದ್ದರೆ ಕಡಿಮೆ ನೋವು. ಚರ್ಮದ ಅಲರ್ಜಿಯಲ್ಲಿ ಮೊದಲು ಬಂದದ್ದು ಎರಡನೆಯದು ಮತ್ತು ಮೂರನೆಯದು. 1980ರ ದಶಕದ ಕೊನೆಗೆ ಇಯಾನ್ ಕಿಂಬರ್ ಮತ್ತು ಸಂಗಡಿಗರು ಇಲಿಯ ಕಿವಿಗೆ ಬಂದರು. ಮೂರು ದಿನ ಕಿವಿಯ ಹಿಂಬದಿಗೆ ರಾಸಾಯನಿಕ ಹಚ್ಚುವುದು, ಎರಡು ದಿನ ಬಿಡುವುದು, ಆರನೇ ದಿನ ಬಾಲದ ರಕ್ತನಾಳಕ್ಕೆ ವಿಕಿರಣ ಸೂಸುವ ಗುರುತಿನ ದ್ರಾವಣ ಕೊಟ್ಟು, ಐದು ಗಂಟೆ ನಂತರ ಇಲಿಯನ್ನು ಕೊಂದು, ಕಿವಿ ಹತ್ತಿರದ ಲಿಂಫ್ ಗ್ರಂಥಿಗಳಲ್ಲಿ, ಅಂದರೆ ದೇಹದ ರಕ್ಷಣಾ ಕೋಶಗಳು ಸೇರುವ ಗಂಟುಗಳಲ್ಲಿ, ಕೋಶಗಳು ಎಷ್ಟು ಹೆಚ್ಚಾಗಿವೆ ಅಂತ ಅಳೆಯುವುದು. ಮಾಮೂಲಿಗಿಂತ ಮೂರು ಪಟ್ಟು ಅಥವಾ ಜಾಸ್ತಿ ಇದ್ದರೆ ಅದು ಅಲರ್ಜಿಕಾರಕ. ಕಣ್ಣಳತೆ ಹೋಗಿ ಸಂಖ್ಯೆ ಬಂತು, ಬ್ಯಾಕ್ಟೀರಿಯಾ ಇಂಜೆಕ್ಷನ್ ಹೋಯಿತು. 2002ರಲ್ಲಿ ಇದು 429ನೇ ಮಾರ್ಗಸೂಚಿ ಆಯಿತು.

ಇಷ್ಟಾದರೂ ಇಲಿ ಮನುಷ್ಯನಲ್ಲ. ಇದು ಸುಮ್ನೆ ಹೇಳುವ ಮಾತಲ್ಲ, ನಿಕಲ್ ತೆಗೆದುಕೊಳ್ಳಿ. ಜಗತ್ತಿನಲ್ಲಿ ಅತಿ ಹೆಚ್ಚು ಜನರಿಗೆ ಚರ್ಮದ ಅಲರ್ಜಿ ತರುವ ಲೋಹ ಅದು. ಇಲಿ ಪರೀಕ್ಷೆಯಲ್ಲಿ ಮಾತ್ರ ನಿಕಲ್ ತಪ್ಪಿಸಿಕೊಂಡು ಹೋಗುತ್ತದೆ. ಯಾಕೆಂದು 2010ರಲ್ಲಿ ಗೊತ್ತಾಯಿತು. ನಮ್ಮ ಕೋಶಗಳ ಮೇಲಿನ ಟಿಎಲ್ಆರ್4 ಎಂಬ ಪ್ರೊಟೀನಿನಲ್ಲಿ ನಿಕಲ್ ಕೂರಲು ಜಾಗವಿದೆ, ಇಲಿಯ ಅದೇ ಪ್ರೊಟೀನಿನಲ್ಲಿ ಆ ಜಾಗವೇ ಇಲ್ಲ. ಇನ್ನೊಂದು ಕಡೆ, ಶಾಂಪೂವಿನಲ್ಲಿ ನೊರೆಗಾಗಿ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮ ಉರಿಸುತ್ತದೆಯೇ ಹೊರತು ಅಲರ್ಜಿ ಹುಟ್ಟಿಸುವುದಿಲ್ಲ, ಆದರೆ ಇಲಿ ಪರೀಕ್ಷೆ ಅದನ್ನು ಅಲರ್ಜಿಕಾರಕ ಅನ್ನುತ್ತದೆ. ಪ್ರಾಣಿ ಪರೀಕ್ಷೆಯೇ ಅಂತಿಮ ಸತ್ಯ, ಉಳಿದದ್ದೆಲ್ಲ ಅದಕ್ಕೆ ಕಡಿಮೆ ದರ್ಜೆಯ ಬದಲಿ ಅಂತ ವಾದಿಸುವವರು ಈ ಎರಡು ಉದಾಹರಣೆಗೆ ಉತ್ತರ ಕೊಡಬೇಕು.

ತಿರುವು ಬಂದದ್ದು ಎರಡು ಕಡೆಯಿಂದ. ಒಂದು, ಕಾನೂನು. ಯುರೋಪಿಯನ್ ಒಕ್ಕೂಟ 2003ರಲ್ಲೇ ದಿನ ಗೊತ್ತು ಮಾಡಿತು: ತಯಾರಾದ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2004ರಿಂದ ಬಂದ್, ಅವುಗಳಿಗೆ ಹಾಕುವ ಪದಾರ್ಥಗಳನ್ನು ಪರೀಕ್ಷಿಸುವುದು 2009ರಿಂದ ಬಂದ್, 2013ರ ಮಾರ್ಚ್ 11ರಿಂದ ಹಾಗೆ ಪರೀಕ್ಷಿಸಿದ್ದನ್ನು ಮಾರುವುದೂ ಬಂದ್. ಆ ದಿನ ಬಂದಾಗ ಅಲರ್ಜಿಗೆ ಪ್ರಾಣಿರಹಿತವಾದ ಒಂದೇ ಒಂದು ಒಇಸಿಡಿ ಮಾರ್ಗಸೂಚಿ ಕೂಡ ಇರಲಿಲ್ಲ! ವಿಜ್ಞಾನ ಸಿದ್ಧವಾಗಲಿ, ಆಮೇಲೆ ಕಾನೂನು ಮಾಡೋಣ ಅಂತ ಕಾದಿದ್ದರೆ ಇವತ್ತಿಗೂ ಕಾಯುತ್ತಲೇ ಇರುತ್ತಿದ್ದೆವು ಅಂತ ನನಗನ್ನಿಸುತ್ತದೆ.

ಇನ್ನೊಂದು, ಕಾಯಿಲೆಯನ್ನೇ ಬಿಡಿ ಬಿಡಿಯಾಗಿ ನೋಡುವ ಕ್ರಮ. 2012ರಲ್ಲಿ ಒಇಸಿಡಿ ಚರ್ಮದ ಅಲರ್ಜಿ ಹುಟ್ಟುವ ದಾರಿಯನ್ನು ನಾಲ್ಕು ಮುಖ್ಯ ಹೆಜ್ಜೆಯಾಗಿ ಬರೆದಿಟ್ಟಿತು. ರಾಸಾಯನಿಕ ಪ್ರೊಟೀನಿಗೆ ಅಂಟುತ್ತದೆ. ಚರ್ಮದ ಮೇಲ್ಪದರದ ಕೋಶಗಳು ಅಪಾಯದ ಸುದ್ದಿ ಹೊರಡಿಸುತ್ತವೆ. ಚರ್ಮದಲ್ಲಿ ಕಾವಲಿರುವ ಡೆಂಡ್ರೈಟಿಕ್ ಕೋಶಗಳು ಎಚ್ಚೆತ್ತು ಆ ಸುದ್ದಿಯನ್ನು ಲಿಂಫ್ ಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು ಅದನ್ನು ನೆನಪಿಟ್ಟುಕೊಂಡು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಇಡೀ ಪ್ರಾಣಿ ಬೇಕಾಗಿದ್ದು ಒಳಗೆ ಏನಾಗುತ್ತದೆಂದು ಗೊತ್ತಿಲ್ಲದಿದ್ದಾಗ. ಹೆಜ್ಜೆ ಗೊತ್ತಾದ ಮೇಲೆ ಒಂದೊಂದನ್ನೂ ಗಾಜಿನಲ್ಲಿ ಮಾಡಿ ನೋಡಬಹುದು.

ಮೊದಲ ಹೆಜ್ಜೆಯ ಪರೀಕ್ಷೆ ನನಗೆ ತುಂಬಾ ಇಷ್ಟ, ಅಷ್ಟು ಸರಳ. ಹೆಸರು ಡಿಪಿಆರ್‌ಎ. ಸಣ್ಣ ಸೀಸೆಯಲ್ಲಿ ಲ್ಯಾಬಿನಲ್ಲಿ ತಯಾರಿಸಿದ ಪ್ರೊಟೀನಿನ ಚಿಕ್ಕ ತುಣುಕು, ಅದರಲ್ಲಿ ಸಿಸ್ಟೀನ್ ಅಥವಾ ಲೈಸೀನ್ ಎಂಬ ಅಮೈನೋ ಆಮ್ಲ. ಅದಕ್ಕೆ ಪರೀಕ್ಷಿಸಬೇಕಾದ ರಾಸಾಯನಿಕ ಬೆರೆಸಿ 24 ಗಂಟೆ ಕತ್ತಲಲ್ಲಿ ಇಡುತ್ತಾರೆ. ಮಾರನೇ ದಿನ, ದ್ರಾವಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಿ ಎಷ್ಟು ತುಣುಕು ಉಳಿದಿದೆ ಅಂತ ನೋಡುತ್ತಾರೆ. ಕಾಣೆಯಾದಷ್ಟೂ ರಾಸಾಯನಿಕ ಅಂಟಿಕೊಂಡಿದೆ ಎಂದರ್ಥ. ಲ್ಯಾಂಡ್‌ಸ್ಟೈನರ್ ಹೇಳಿದ್ದು ಇದನ್ನೇ ಅಲ್ವಾ! ಕಾಂಗ್ರೆಸ್ ಗಿಡದ ಪಾರ್ಥೆನಿನ್ ಕೂಡ ಇದೇ ಜಾತಿಯದು, ಅದರ ರಚನೆ ಸಿಸ್ಟೀನಿನ ಗಂಧಕಕ್ಕೆ ಹೋಗಿ ಅಂಟಿಕೊಳ್ಳುವಂಥದ್ದು.

ಎರಡನೇ ಹೆಜ್ಜೆಗೆ ಕೆರಾಟಿನೋಸೆನ್ಸ್: ಮನುಷ್ಯರ ಚರ್ಮದ ಕೋಶಗಳಿಗೆ, ಅಪಾಯ ಕಂಡಾಗ ಬೆಳಕು ಹೊರಡಿಸುವ ಜೀನ್ ಸೇರಿಸಿರುತ್ತಾರೆ. ಮೂರನೆಯದಕ್ಕೆ ಜಪಾನಿನ ಕಾವೋ ಮತ್ತು ಶಿಸೈಡೋ ಕಂಪನಿಗಳು ಬೆಳೆಸಿದ ಎಚ್-ಕ್ಲಾಟ್. ಇದರಲ್ಲಿ ಡೆಂಡ್ರೈಟಿಕ್ ಕೋಶಗಳ ಬದಲಿಗೆ ಬಳಸುವ ಟಿಎಚ್‌ಪಿ-1 ಕೋಶಗಳು ಬಂದದ್ದು ರಕ್ತದ ಕ್ಯಾನ್ಸರ್ ಆಗಿದ್ದ ಒಂದು ವರ್ಷದ ಗಂಡುಮಗುವಿನಿಂದ, 1980ರಲ್ಲಿ ಆ ಬಗ್ಗೆ ಮೊದಲ ವರದಿ ಬಂತು. ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಆ ಕೋಶಗಳು ಬೆಳೆಯುತ್ತಿವೆ. ಡಿಪಿಆರ್‌ಎ ಮತ್ತು ಕೆರಾಟಿನೋಸೆನ್ಸ್‌ಗೆ 2015ರಲ್ಲಿ, ಎಚ್-ಕ್ಲಾಟ್‌ಗೆ 2016ರಲ್ಲಿ ಒಪ್ಪಿಗೆ ಸಿಕ್ಕಿತು.

ಒಂದೊಂದು ಪರೀಕ್ಷೆಯೂ ಒಂಟಿಯಾಗಿ ಸಾಲದು. ದಾಲ್ಚಿನ್ನಿ ಪರಿಮಳದ ಸಿನ್ನಮಿಕ್ ಆಲ್ಕೋಹಾಲ್ ತಾನಾಗಿ ಸಾಧು, ಚರ್ಮದ ಕಿಣ್ವಗಳು ಅದನ್ನು ಬದಲಿಸಿದ ಮೇಲೆ ತೊಂದರೆ ಕೊಡುತ್ತದೆ. ಕಿಣ್ವವೇ ಇಲ್ಲದ ಸೀಸೆಯಲ್ಲಿ ಅಂಥದ್ದು ತಪ್ಪಿಸಿಕೊಳ್ಳಬಹುದು. ಲೋಹಗಳಿಗೂ ಡಿಪಿಆರ್‌ಎ ಆಗಿಬರುವುದಿಲ್ಲ. ನೀರಲ್ಲಿ ಕರಗದ ಪದಾರ್ಥಗಳು ಕೋಶಗಳ ಪರೀಕ್ಷೆಗೆ ತಲೆನೋವು. ಅದಕ್ಕೇ 2021ರ ಜೂನ್‌ನಲ್ಲಿ ಬಂದ 497ನೇ ಮಾರ್ಗಸೂಚಿ ಮುಖ್ಯ. ಅದರ ಒಂದು ನಿಯಮ ಬಹಳ ಸರಳ: ಮೂರು ಪರೀಕ್ಷೆಯಲ್ಲಿ ಎರಡು ಏನು ಹೇಳುತ್ತವೋ ಅದೇ ತೀರ್ಪು. ಮನುಷ್ಯರಿಂದ ಬಂದ ಮಾಹಿತಿಯ ಜೊತೆ ತಾಳೆ ನೋಡಿದಾಗ ಈ ಜೋಡಣೆ ಇಲಿ ಪರೀಕ್ಷೆಗಿಂತ ಹಿಂದೆ ಬೀಳಲಿಲ್ಲ. ಪ್ರಾಣಿ ಪರೀಕ್ಷೆಯ ಜಾಗದಲ್ಲಿ ಪೂರ್ತಿಯಾಗಿ ಇಡಬಹುದಾದ ಪ್ರಾಣಿರಹಿತ ಜೋಡಣೆಗೆ ಒಇಸಿಡಿ ಒಪ್ಪಿಗೆ ಕೊಟ್ಟದ್ದು ಅದೇ ಮೊದಲು.

ಇನ್ನೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕೋಶಗಳನ್ನು ಬೆಳೆಸುವ ದ್ರಾವಣಕ್ಕೆ ಸಾಮಾನ್ಯವಾಗಿ ಹಾಕುವುದು ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಂ. ಅದಿಲ್ಲದೆ ಬೆಳೆಸುವ ಪ್ರಯತ್ನ ನಡೆದಿದೆ. ಅಲ್ಲಿಯವರೆಗೆ ಪೂರ್ತಿ ಪ್ರಾಣಿಮುಕ್ತ ಅನ್ನುವ ಹಾಗಿಲ್ಲ.

ನಮ್ಮ ದೇಶದ ಕತೆ ಏನು? ಭಾರತ 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು, ಅದೇ ವರ್ಷ ಹಾಗೆ ಪರೀಕ್ಷಿಸಿದ್ದನ್ನು ಆಮದು ಮಾಡುವುದನ್ನೂ ನಿಲ್ಲಿಸಿತು. ಇದು ಹೆಮ್ಮೆಪಡುವ ವಿಷಯವೇ. ಹಾಗಾಗಿ ಡಬ್ಬಿ ಮೇಲೆ, ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಅಂತ ಹೇಳುವ ಮೊಲದ ಚಿತ್ರ ಇರಲಿ ಬಿಡಲಿ, ಇಲ್ಲಿ ತಯಾರಾಗುವ ಕ್ರೀಮಿಗೆ ಆ ಕಾನೂನು ಅನ್ವಯಿಸುತ್ತದೆ. ಹಾಗೆಯೇ, ಮೊಲದ ಚಿತ್ರ ಇದೆ ಅಂದಮಾತ್ರಕ್ಕೆ ನಿಮಗೆ ಅಲರ್ಜಿ ಆಗುವುದಿಲ್ಲ ಅಂತಲ್ಲ. ಅದು ಪ್ರಾಣಿಯ ಬಗ್ಗೆ ಕೊಟ್ಟ ಮಾತು, ನಿಮ್ಮ ಚರ್ಮದ ಬಗ್ಗೆ ಅಲ್ಲ. 2023ರಲ್ಲಿ ಹೊಸ ಔಷಧಗಳ ನಿಯಮಕ್ಕೂ ತಿದ್ದುಪಡಿ ತಂದು, ಪ್ರಾಣಿರಹಿತ ವಿಧಾನಗಳಿಗೆ ಜಾಗ ಮಾಡಿಕೊಟ್ಟರು.

ಆದರೆ 2014ರ ನಿಷೇಧ ಸೌಂದರ್ಯವರ್ಧಕಗಳ ಗೆರೆ ದಾಟುವುದಿಲ್ಲ. ಕೆಡದಂತೆ ಹಾಕುವ ಅದೇ ರಾಸಾಯನಿಕ ಫೇಸ್ ಕ್ರೀಮಿಗೆ ಹೋದರೆ ಪ್ರಾಣಿ ಮುಟ್ಟುವಂತಿಲ್ಲ, ನೆಲ ಒರೆಸುವ ದ್ರಾವಣಕ್ಕೋ ಪೇಂಟಿಗೋ ಕೀಟನಾಶಕಕ್ಕೋ ಹೋದರೆ ಆ ನಿಷೇಧ ಲೆಕ್ಕಕ್ಕಿಲ್ಲ. ಇವೆಲ್ಲ ತಾಗುವುದು ಮನೆಗೆಲಸದವರ, ಪೇಂಟರುಗಳ, ತೋಟದವರ ಕೈಗೇ, ಅದೂ ದಿನವಿಡೀ. ಯುರೋಪ್ 2016ರಲ್ಲೇ ಕೈಗಾರಿಕಾ ರಾಸಾಯನಿಕಗಳ ಕಾನೂನು ತಿದ್ದಿ, ಅಲರ್ಜಿಗೆ ಮೊದಲು ಪ್ರಾಣಿರಹಿತ ಪರೀಕ್ಷೆ ಮಾಡಿ, ಅದು ಆಗದಿದ್ದರೆ ಮಾತ್ರ ಇಲಿ ಅಂತ ಬರೆಯಿತು. ಭಾರತ 2011ರಿಂದ ಒಇಸಿಡಿಯ ಪರಸ್ಪರ ಮಾಹಿತಿ ಒಪ್ಪಂದದಲ್ಲಿದೆ, ಅಂದರೆ ಇಲ್ಲಿನ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಆ ಮಾರ್ಗಸೂಚಿ ಪ್ರಕಾರ ಮಾಡಿದ ವರದಿಯನ್ನು ಒಪ್ಪಂದದ ಉಳಿದ ದೇಶಗಳೂ ಒಪ್ಪುತ್ತವೆ. ಕೋಶ ಬೆಳೆಸುವುದು, ಎಚ್‌ಪಿಎಲ್‌ಸಿ ನಡೆಸುವುದು ಬೆಂಗಳೂರಿನ ಲ್ಯಾಬುಗಳಿಗೆ ದಿನನಿತ್ಯದ ಕೆಲಸ. ಕೆಲಸಗಾರರಿದ್ದಾರೆ, ಯಂತ್ರಗಳಿವೆ, ಮಾರ್ಗಸೂಚಿ ಇದೆ. ಈಗ ಬೇಕಿರುವುದು ಯುರೋಪ್ ಬರೆದಂಥ ಒಂದು ಸಾಲು, ನಮ್ಮ ಕೀಟನಾಶಕ ಮತ್ತು ಕೈಗಾರಿಕಾ ರಾಸಾಯನಿಕಗಳ ನಿಯಮದಲ್ಲಿ: ಮೊದಲು ಸೀಸೆ, ಅದರಲ್ಲಿ ತೀರ್ಮಾನ ಆಗದಿದ್ದರೆ ಯಾಕೆ ಅಂತ ಬರೆದುಕೊಟ್ಟ ಮೇಲಷ್ಟೇ ಪ್ರಾಣಿ.