ಕಣ್ಣಿಗೆ ಕಾಣದ ಇನ್ಫ್ರಾರೆಡ್ ಹಸಿರಾಗೋದು ಹೇಗೆ? ಲೇಸರ್ ಪಾಯಿಂಟರ್ ಬಗ್ಗೆ ಓದುಗರ ಪ್ರಶ್ನೆ

ಪ್ರಶ್ನೆ: ಹಸಿರು ಲೇಸರ್ ಪಾಯಿಂಟರ್ ಒಳಗೆ ಇರೋದು ಹಸಿರು ಲೇಸರ್ ಅಲ್ವಂತೆ, ಇನ್ಫ್ರಾರೆಡ್ ಅಂತೆ, ಒಂದು ಕ್ರಿಸ್ಟಲ್ ದಾಟಿದ ಮೇಲೆ ಅದು ಹಸಿರಾಗತ್ತಂತೆ. ನಿಜಾನಾ? ಬೆಳಕಿನ ಬಣ್ಣಾನೇ ಬದಲಾಗತ್ತಾ, ಇಲ್ಲಾ ಫಿಲ್ಟರ್ ಏನಾದ್ರೂ ಹಾಕಿರ್ತಾರಾ?

ಉತ್ತರ: ನಿಜ, ಬಣ್ಣಾನೇ ಬದಲಾಗತ್ತೆ. ಫಿಲ್ಟರ್ ಕೈಲಿ ಆಗೋ ಕೆಲಸ ಅಲ್ಲ ಇದು, ಯಾಕಂದ್ರೆ ಫಿಲ್ಟರ್ ಇರೋ ಬಣ್ಣಗಳಲ್ಲಿ ಕೆಲವನ್ನ ತಡೀಬಹುದು ಅಷ್ಟೇ, ಇಲ್ಲದೇ ಇರೋ ಬಣ್ಣಾನ ಹುಟ್ಟಿಸೋಕಾಗಲ್ಲ, ಬರೀ ಇನ್ಫ್ರಾರೆಡ್ ಇರೋ ಕಡೆ ಎಂಥಾ ಹಸಿರು ಫಿಲ್ಟರ್ ಇಟ್ರೂ ಆಚೆ ಕಡೆ ಕತ್ತಲೇನೇ. ಕ್ರಿಸ್ಟಲ್ ಒಳಗೆ ಆಗೋದು ಏನಂದ್ರೆ, 1064 ನ್ಯಾನೋಮೀಟರ್ ತರಂಗಾಂತರದ ಎರಡು ಫೋಟಾನ್ (ಬೆಳಕಿನ ಕಣ) ಹೋಗಿ 532 ನ್ಯಾನೋಮೀಟರಿನ ಒಂದೇ ಫೋಟಾನ್ ಆಗತ್ತೆ. ತರಂಗಾಂತರ ಅರ್ಧ ಆಯ್ತು, ಅಂದ್ರೆ ಫ್ರೀಕ್ವೆನ್ಸಿ ಎರಡರಷ್ಟಾಯ್ತು, ಒಂದೊಂದು ಫೋಟಾನಿನ ಶಕ್ತಿ ಡಬಲ್ ಆಯ್ತು, ಒಟ್ಟು ಶಕ್ತಿಯ ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಯ್ತು. ಇದಕ್ಕೆ ಸೆಕೆಂಡ್ ಹಾರ್ಮಾನಿಕ್ ಜನರೇಷನ್ ಅಂತಾರೆ, ಲ್ಯಾಬಲ್ಲಿ ಎಲ್ರೂ ಎಸ್ಎಚ್‌ಜಿ ಅಂತಲೇ ಕರೆಯೋದು.

ಹಾಗಾದ್ರೆ ಕಿಟಕಿ ಗಾಜಿನ ಮೂಲಕ ಬರೋ ಬಿಸಿಲು ಯಾಕೆ ಹೀಗೆ ಬಣ್ಣ ಬದಲಾಯಿಸಲ್ಲ ಅಂತ ಕೇಳ್ಬೇಕು, ಅಸಲಿ ವಿಷಯ ಇರೋದೇ ಅಲ್ಲಿ. ಬೆಳಕು ಅಂದ್ರೆ ಅಲುಗಾಡೋ ವಿದ್ಯುತ್ ಕ್ಷೇತ್ರ. ಅದು ಒಂದು ವಸ್ತು ಒಳಗೆ ಹೋದಾಗ ಅಲ್ಲಿನ ಎಲೆಕ್ಟ್ರಾನುಗಳನ್ನ ಹಿಡಿದು ಅದೇ ತಾಳಕ್ಕೆ ಅಲ್ಲಾಡಿಸತ್ತೆ, ಆ ಎಲೆಕ್ಟ್ರಾನುಗಳು ಅಲ್ಲಾಡ್ತಾ ಮತ್ತೆ ಬೆಳಕು ಕೊಡ್ತವೆ. ಕ್ಷೇತ್ರ ದುರ್ಬಲ ಆಗಿದ್ರೆ ಎಷ್ಟು ತಳ್ಳಿದ್ಯೋ ಅಷ್ಟೇ ಅಲ್ಲಾಟ, ತಳ್ಳಿದ ಫ್ರೀಕ್ವೆನ್ಸಿನೇ ವಾಪಸ್ ಬರತ್ತೆ, ಬಣ್ಣ ಹೋದ ಹಾಗೇ ಬರತ್ತೆ. ಕ್ಷೇತ್ರ ಜೋರಾದ್ರೆ ಎಲೆಕ್ಟ್ರಾನ್ ಅಷ್ಟು ವಿಧೇಯವಾಗಿ ಕುಣಿಯಲ್ಲ. ಗಣಪತಿ ಪೆಂಡಾಲಿನ ಮೈಕ್‌ಸೆಟ್ಟಲ್ಲಿ ವಾಲ್ಯೂಮ್ ತೀರಾ ಏರಿಸಿದ್ರೆ ಸ್ಪೀಕರ್ ಒಡೆದ ದನಿಯಲ್ಲಿ ಅರಚತ್ತಲ್ಲ, ಅದು ಹಾಡಲ್ಲಿ ಇಲ್ಲದೇ ಇದ್ದ ಹೊಸ ಫ್ರೀಕ್ವೆನ್ಸಿಗಳು, ಕೋನ್ ತನ್ನ ಮಿತಿ ದಾಟಿದಾಗ ಅದೇ ಹುಟ್ಟಿಸಿದ್ದು. ಎಲೆಕ್ಟ್ರಾನ್ ವಿಷಯದಲ್ಲೂ ಹೀಗೇ, ಮೂಲ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟು ಫ್ರೀಕ್ವೆನ್ಸಿ ಬೆಳಕಲ್ಲಿ ಸೇರ್ಕೊಳತ್ತೆ.

ಎಷ್ಟು ಜೋರು ಬೇಕು ಅನ್ನೋದಕ್ಕೆ ಒಂದು ಅಂದಾಜು ಕೊಡ್ತೀನಿ. ಹೈಡ್ರೋಜನ್ ಪರಮಾಣುವಿನಲ್ಲಿ ನ್ಯೂಕ್ಲಿಯಸ್ಸು ಎಲೆಕ್ಟ್ರಾನನ್ನ ಹಿಡಿದಿಟ್ಟಿರೋ ಕ್ಷೇತ್ರ ಮೀಟರಿಗೆ ಸುಮಾರು 50,000 ಕೋಟಿ ವೋಲ್ಟ್. ಮಟಮಟ ಮಧ್ಯಾಹ್ನದ ಬಿಸಿಲಿನ ಕ್ಷೇತ್ರ ಮೀಟರಿಗೆ 1,000 ವೋಲ್ಟ್ ಕೂಡ ಮುಟ್ಟಲ್ಲ. ಹತ್ತಿರ ಹತ್ತಿರ 60 ಕೋಟಿ ಪಟ್ಟು ವ್ಯತ್ಯಾಸ! ಅದಕ್ಕೇ ಲೇಸರ್ ಬರೋ ತನಕ ಇದನ್ನ ಕಣ್ಣಾರೆ ನೋಡೋ ದಾರಿನೇ ಇರ್ಲಿಲ್ಲ. 1960ರ ಮೇ 16ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಥಿಯೋಡರ್ ಮೈಮನ್ ಮೊದಲ ರೂಬಿ ಲೇಸರ್ ಹೊತ್ತಿಸಿದ್ರು, ಮಾರನೇ ವರ್ಷವೇ ಮಿಷಿಗನ್ ಯೂನಿವರ್ಸಿಟಿಯಲ್ಲಿ ಪೀಟರ್ ಫ್ರಾಂಕೆನ್ ಮತ್ತವರ ಜೊತೆಗಾರರು ಅಂಥದ್ದೇ ಒಂದು ರೂಬಿ ಲೇಸರ್ ತಗೊಂಡು ಅದರ 694.3 ನ್ಯಾನೋಮೀಟರಿನ ಕೆಂಪು ಬೆಳಕನ್ನ ಕ್ವಾರ್ಟ್ಜ್ ಕ್ರಿಸ್ಟಲ್ ಒಳಗೆ ಫೋಕಸ್ ಮಾಡಿದ್ರು. ಆಚೆ ಬಂದ ಬೆಳಕನ್ನ ಪ್ರಿಸ್ಮಿನಲ್ಲಿ ಬಿಡಿಸಿ ಫೋಟೋ ಪ್ಲೇಟ್ ಮೇಲೆ ಬೀಳಿಸಿದಾಗ ಕೆಂಪಿನ ದೊಡ್ಡ ಮಚ್ಚೆಯಿಂದ ಎಷ್ಟೋ ದೂರದಲ್ಲಿ, ಸರಿಯಾಗಿ 347 ನ್ಯಾನೋಮೀಟರ್ ಜಾಗದಲ್ಲಿ, ಒಂದು ಸಣ್ಣ ಚುಕ್ಕಿ. ಅಲ್ಟ್ರಾವಯಲೆಟ್! ಕೆಂಪು ಫೋಟಾನು ಸುಮಾರು ಹತ್ತು ಕೋಟಿ ಹೋದ್ರೆ ಒಂದು ಅಲ್ಟ್ರಾವಯಲೆಟ್ ಫೋಟಾನ್ ಸಿಗ್ತಿತ್ತು, ಅಷ್ಟು ಕಮ್ಮಿ. ಆ ಪೇಪರ್ 1961ರ ಆಗಸ್ಟಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಪ್ರಿಂಟಾಯ್ತು, ಆದ್ರೆ ಚಿತ್ರದಲ್ಲಿ ಬಾಣದ ಗುರುತು ಮಾತ್ರ ಇದೆ, ಬಾಣ ತೋರಿಸೋ ಜಾಗದಲ್ಲಿ ಚುಕ್ಕಿನೇ ಇಲ್ಲ. ಪ್ಲೇಟ್ ಮೇಲಿನ ಧೂಳು ಅಂದ್ಕೊಂಡು ಪತ್ರಿಕೆ ಕಡೆಯವ್ರು ಅಳಿಸಿಬಿಟ್ಟಿದ್ರು ಅಂತ ಈ ಫೀಲ್ಡಲ್ಲಿ ಇರೋರೆಲ್ಲ ಹೇಳ್ತಾರೆ. ಜೋರು ಬೆಳಕಿಗೆ ವಸ್ತು ಹೀಗೆ ಅಡ್ಡಾದಿಡ್ಡಿ ನಡ್ಕೊಳೋದನ್ನ ಓದೋ ಇಡೀ ನಾನ್‌ಲೀನಿಯರ್ ಆಪ್ಟಿಕ್ಸ್ ಅನ್ನೋ ವಿಭಾಗ ಶುರುವಾಗಿದ್ದು ಆ ಕಾಣೆಯಾದ ಚುಕ್ಕಿಯಿಂದ ಅಂದ್ರೆ ತಪ್ಪಿಲ್ಲ.

ಹತ್ತು ಕೋಟಿಗೆ ಒಂದು ಅನ್ನೋ ಲೆಕ್ಕದಲ್ಲಿ ಪಾಯಿಂಟರ್ ಮಾಡೋಕಾಗಲ್ಲ ಅಲ್ವಾ. ತೊಂದ್ರೆ ಎಲ್ಲಿತ್ತು ಅಂದ್ರೆ, ಕ್ರಿಸ್ಟಲ್ ಒಳಗೆ ಮೂಲ ಬೆಳಕು ಒಂದು ವೇಗದಲ್ಲಿ ಹೋಗತ್ತೆ, ಹೊಸದಾಗಿ ಹುಟ್ಟಿದ ಬೆಳಕು ಇನ್ನೊಂದು ವೇಗದಲ್ಲಿ. ಮುಂದೆ ಮುಂದೆ ಹುಟ್ಟೋ ಅಲೆಗಳು ಹಿಂದೆ ಹುಟ್ಟಿದ ಅಲೆಗಳ ಜೊತೆ ಹೆಜ್ಜೆ ತಪ್ಪಿ ಒಂದನ್ನೊಂದು ಅಳಿಸಿ ಹಾಕ್ತವೆ, ಕ್ವಾರ್ಟ್ಜಲ್ಲಿ ಮಿಲಿಮೀಟರಿನ ನೂರನೇ ಒಂದೆರಡು ಭಾಗ ದೂರ ಹೋಗೋದ್ರೊಳಗೇ ಈ ಜಗಳ ಶುರು. 1962ರಲ್ಲಿ ಬೆಲ್ ಲ್ಯಾಬ್ಸ್ ಮತ್ತು ಫೋರ್ಡ್ ಕಂಪನಿಯ ರಿಸರ್ಚ್ ಲ್ಯಾಬ್ ಎರಡೂ ಕಡೆ ಬೇರೆ ಬೇರೆಯಾಗಿ ಇದಕ್ಕೆ ದಾರಿ ಹುಡುಕಿದ್ರು. ಕೆಡಿಪಿ ಅನ್ನೋ ಕ್ರಿಸ್ಟಲಲ್ಲಿ ಬೆಳಕಿನ ವೇಗ ಅದರ ಪೋಲರೈಸೇಷನ್ (ವಿದ್ಯುತ್ ಕ್ಷೇತ್ರ ಯಾವ ಕಡೆಗೆ ಅಲುಗಾಡತ್ತೆ ಅನ್ನೋದು) ಮತ್ತು ಅದು ಹೋಗೋ ದಿಕ್ಕಿನ ಮೇಲೆ ನಿಂತಿರತ್ತೆ, ಹಾಗಾಗಿ ಸರಿಯಾದ ಕೋನದಲ್ಲಿ ಬಿಟ್ರೆ ಎರಡೂ ಬೆಳಕು ಸಮ ವೇಗದಲ್ಲಿ ಹೋಗ್ತವೆ, ಉದ್ದಕ್ಕೂ ಹುಟ್ಟಿದ್ದೆಲ್ಲ ಸೇರ್ತಾ ಹೋಗತ್ತೆ. ಇದೇ ಫೇಸ್ ಮ್ಯಾಚಿಂಗ್. ನನ್ನ ಪ್ರಕಾರ ಈ ಕಥೆಯಲ್ಲಿ ಅತಿ ಚಂದದ ಐಡಿಯಾ ಇದು, ಎಸ್ಎಚ್‌ಜಿ ಕಂಡುಹಿಡಿದಿದ್ದಕ್ಕಿಂತ ಅದನ್ನ ಪಳಗಿಸಿದ್ದು ದೊಡ್ಡದು ಅನ್ನಿಸತ್ತೆ. ಅದೇ ವರ್ಷ ಹಾರ್ವರ್ಡಿನ ನಿಕೋಲಸ್ ಬ್ಲೂಂಬರ್ಗೆನ್ ತಂಡ ಇದರ ಪೂರ್ತಿ ಥಿಯರಿ ಬರೀತು, ಬ್ಲೂಂಬರ್ಗೆನ್‌ಗೆ 1981ರಲ್ಲಿ ನೊಬೆಲ್ ಬಂತು.

ಇನ್ನೊಂದು ಷರತ್ತೂ ಇದೆ. ಕ್ರಿಸ್ಟಲಿನ ಒಳರಚನೆ ಎಡಬಲ ಮೇಲೆಕೆಳಗೆ ಎಲ್ಲ ತಿರುವಿಹಾಕಿದ್ರೂ ಮೊದಲಿನ ಹಾಗೇ ಇರೋ ತರದ್ದಾದ್ರೆ ಎರಡರಷ್ಟು ಫ್ರೀಕ್ವೆನ್ಸಿ ಒಂದಕ್ಕೊಂದು ಹೊಡೆದು ಸೊನ್ನೆ ಆಗತ್ತೆ, ಮಾಮೂಲಿ ಗಾಜಿನ ಕಥೆ ಇದೇ. ಕ್ವಾರ್ಟ್ಜ್, ಕೆಡಿಪಿ, ಪಾಯಿಂಟರಲ್ಲಿ ಬಳಸೋ ಕೆಟಿಪಿ ಕ್ರಿಸ್ಟಲ್‌ಗಳಲ್ಲಿ ಆ ಸಿಮೆಟ್ರಿ ಇಲ್ಲ. ನಮ್ಮ ಚರ್ಮದಲ್ಲಿರೋ ಕೊಲಾಜೆನ್ ಅನ್ನೋ ಪ್ರೋಟೀನ್ ನಾರುಗಳಲ್ಲೂ ಇಲ್ಲ, ಅದಕ್ಕೇ ಬಣ್ಣ ಹಚ್ಚದೇನೇ ಲೇಸರ್ ಬಿಟ್ಟು ಎಸ್ಎಚ್‌ಜಿ ಮೈಕ್ರೋಸ್ಕೋಪಲ್ಲಿ ಕೊಲಾಜೆನ್ ನೋಡ್ತಾರೆ.

ಈಗ ಪಾಯಿಂಟರ್ ಬಿಚ್ಚಿ ನೋಡೋಣ. ಹಿಂದೆ ಒಂದು 808 ನ್ಯಾನೋಮೀಟರಿನ ಡಯೋಡ್, ಇದೂ ಇನ್ಫ್ರಾರೆಡ್ಡೇ. ಅದರ ಬೆಳಕು ನಿಯೋಡಿಮಿಯಮ್ ಬೆರೆಸಿದ ಒಂದು ಚಿಕ್ಕ ಕ್ರಿಸ್ಟಲಿಗೆ ಬಿದ್ದು 1064 ನ್ಯಾನೋಮೀಟರಿನ ಲೇಸರ್ ಹುಟ್ಟತ್ತೆ, ಅದಕ್ಕೆ ಅಂಟಿಸಿರೋ ಕೆಟಿಪಿ ಕ್ರಿಸ್ಟಲ್ ಅದನ್ನ 532ರ ಹಸಿರು ಮಾಡತ್ತೆ, ಎರಡೂ ಸೇರಿ ಸಾಸಿವೆ ಡಬ್ಬಿಯಲ್ಲಿ ಕಳೆದುಹೋಗೋಷ್ಟು ಚಿಕ್ಕವು. (ಈಗ 520 ನ್ಯಾನೋಮೀಟರ್ ಆಸುಪಾಸಿನ ಹಸಿರನ್ನ ನೇರ ಕೊಡೋ ಡಯೋಡುಗಳೂ ಬಂದಿವೆ, ಎಲ್ಲ ಪಾಯಿಂಟರಲ್ಲೂ ಕ್ರಿಸ್ಟಲ್ ಇರತ್ತೆ ಅಂತ ತಿಳ್ಕೋಬೇಡಿ.) ಕೊನೆಯಲ್ಲಿ ಉಳಿದ ಇನ್ಫ್ರಾರೆಡ್ ತಡೆಯೋಕೆ ಒಂದು ಫಿಲ್ಟರ್ ಇರ್ಬೇಕು, ಅಗ್ಗದ ಮಾಲಲ್ಲಿ ಎಷ್ಟೋ ಸಲ ಅದನ್ನೇ ಬಿಟ್ಟಿರ್ತಾರೆ. 2010ರಲ್ಲಿ ಅಮೆರಿಕದ ಸರ್ಕಾರಿ ಅಳತೆ-ಮಾನದಂಡ ಸಂಸ್ಥೆ ಎನ್ಐಎಸ್‌ಟಿಯ ವಿಜ್ಞಾನಿಗಳು ಪರೀಕ್ಷೆ ಮಾಡಿದ ಒಂದು ಪಾಯಿಂಟರಲ್ಲಿ ಹಸಿರು ತೀರಾ ಮಂಕು, ಆದ್ರೆ ಹೊರಗೆ ಬರ್ತಿದ್ದ ಇನ್ಫ್ರಾರೆಡ್ ಸುಮಾರು 20 ಮಿಲಿವ್ಯಾಟ್. ಹಸಿರು ಕಣ್ಣಿಗೆ ಹೊಡೆದ್ರೆ ರೆಪ್ಪೆ ತಾನಾಗೇ ಮುಚ್ಚತ್ತೆ, ಇನ್ಫ್ರಾರೆಡ್ ಕಾಣೋದೇ ಇಲ್ಲ ಅಂದ್ಮೇಲೆ ರೆಪ್ಪೆ ಯಾಕೆ ಮುಚ್ಚತ್ತೆ, ರೆಟಿನಾ ಸುಮ್ಮನೆ ಸುಡ್ತಾ ಇರತ್ತೆ. ಜಾತ್ರೆಯಲ್ಲಿ, ಫುಟ್‌ಪಾತಲ್ಲಿ ಸಿಗೋ ಹಸಿರು ಲೇಸರನ್ನ ದಯವಿಟ್ಟು ಮಕ್ಕಳ ಕೈಗೆ ಕೊಡ್ಬೇಡಿ, ಅದರ ಮೇಲೆ ಬರೆದಿರೋ ಮಿಲಿವ್ಯಾಟ್ ಲೆಕ್ಕಾನೂ ನಂಬಬೇಡಿ. ಬ್ಯಾಟರಿ ವೀಕ್ ಆಗಿ ಅಥವಾ ಚಳಿಗೆ ಹಸಿರು ಮಂಕಾಗಿದೆ ಅಂದ್ರೆ ಅಪಾಯ ಕಮ್ಮಿ ಆಯ್ತು ಅಂತಲೂ ಅಲ್ಲ.

ಯೂನಿವರ್ಸಿಟಿಗಳಲ್ಲಿ ಈಗ ಇದರ ಮೇಲೆ ಇನ್ನೂ ಏನು ರಿಸರ್ಚ್ ಉಳಿದಿದೆ ಅಂತಲೂ ಕೆಲವರು ಕೇಳ್ತಾರೆ. ತುಂಬಾನೇ ಇದೆ. ಬೆಳಕು ಜೋರಾದ್ರೆ ವಸ್ತುವಿನ ರಿಫ್ರಾಕ್ಟಿವ್ ಇಂಡೆಕ್ಸೇ (ಬೆಳಕು ಅದರೊಳಗೆ ಎಷ್ಟು ನಿಧಾನ ಆಗತ್ತೆ ಅನ್ನೋ ಅಳತೆ) ಬದಲಾಗತ್ತೆ, ಮಧ್ಯದಲ್ಲಿ ಬೆಳಕು ಹೆಚ್ಚು ಇರೋದ್ರಿಂದ ಅಲ್ಲಿ ಇಂಡೆಕ್ಸ್ ಹೆಚ್ಚಾಗಿ ಗಾಜಿನ ತುಂಡೇ ಲೆನ್ಸ್ ಆಗಿಬಿಡತ್ತೆ, ಬೆಳಕು ತನ್ನನ್ನ ತಾನೇ ಫೋಕಸ್ ಮಾಡ್ಕೊಂಡು ಗಾಜನ್ನ ಸೀಳಿ ಹಾಕತ್ತೆ. ಈ ಕಾಟಕ್ಕೆ ಲೇಸರ್ ಪವರ್ ಏರಿಸೋದು ವರ್ಷಗಟ್ಟಲೆ ನಿಂತೇಹೋಗಿತ್ತು. 1985ರಲ್ಲಿ ಅಮೆರಿಕದ ರೋಚೆಸ್ಟರ್ ಯೂನಿವರ್ಸಿಟಿಯಲ್ಲಿ ಡೋನಾ ಸ್ಟ್ರಿಕ್ಲಂಡ್ ಮತ್ತು ಜೆರಾರ್ ಮೂರು (Mourou) ಇಬ್ಬರೂ ಸೇರಿ ಇದಕ್ಕೆ ಉಪಾಯ ಮಾಡಿದ್ರು, ಲೇಸರಿನ ಪಲ್ಸನ್ನ, ಅಂದ್ರೆ ಕ್ಷಣಮಾತ್ರದ ಬೆಳಕಿನ ತುಣುಕನ್ನ, ಮೊದಲು ಸಮಯದಲ್ಲಿ ಉದ್ದಕ್ಕೆ ಎಳೆದು ತೆಳ್ಳಗೆ ಮಾಡಿ, ಆಮೇಲೆ ಪವರ್ ಏರಿಸಿ, ಕೊನೆಗೆ ಮತ್ತೆ ಒತ್ತಿ ಚಿಕ್ಕದು ಮಾಡೋದು. ಎಳೆಯೋಕೆ 1.4 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್ ಬಳಸಿದ್ರು. ಸ್ಟ್ರಿಕ್ಲಂಡ್ ಆಗ ಪಿಎಚ್‌ಡಿ ವಿದ್ಯಾರ್ಥಿನಿ, 2018ರ ನೊಬೆಲಲ್ಲಿ ಇಬ್ಬರಿಗೂ ಪಾಲು ಸಿಕ್ತು. ಆಮೇಲೆ ಜೆರಾರ್ ಮೂರು ಅವರು ಫ್ರಾಂಕೆನ್ ಇದ್ದ ಮಿಷಿಗನ್ ಯೂನಿವರ್ಸಿಟಿಗೇ ಹೋದ್ರು. 1990ರ ದಶಕದ ಶುರುವಲ್ಲಿ ಅಲ್ಲಿ ಒಬ್ಬ ವಿದ್ಯಾರ್ಥಿಯ ಕಣ್ಣಿಗೆ ಫೆಮ್ಟೋಸೆಕೆಂಡ್ ಲೇಸರ್ (ಸೆಕೆಂಡಿನ ಕೋಟ್ಯಂತರ ಭಾಗಕ್ಕಿಂತಲೂ ಚಿಕ್ಕ ಪಲ್ಸ್ ಕೊಡೋದು) ಅಕಸ್ಮಾತ್ ಹೊಡೀತು, ನೋಡಿದ ಡಾಕ್ಟರಿಗೆ ಗಾಯ ಅಷ್ಟು ಅಚ್ಚುಕಟ್ಟಾಗಿ ಇರೋದು ಕಂಡು ಆಶ್ಚರ್ಯ ಆಯ್ತು, ಕನ್ನಡಕ ಬಿಡಿಸೋಕೆ ಮಾಡೋ ಇವತ್ತಿನ ಬ್ಲೇಡ್ ಇಲ್ಲದ ಲಾಸಿಕ್ ಆಪರೇಷನ್ನಿನ ದಾರಿ ಅಲ್ಲಿಂದ. ಅದರ ಹಿಂದಿರೋದೂ ನಾನ್‌ಲೀನಿಯರ್ ಆಪ್ಟಿಕ್ಸೇ: ಕಾರ್ನಿಯಾ ಆ ಬೆಳಕಿಗೆ ಪಾರದರ್ಶಕ, ಫೋಕಸ್ ಆದ ಒಂದೇ ಬಿಂದುವಿನಲ್ಲಿ ಮಾತ್ರ ಹಲವು ಫೋಟಾನ್ ಒಟ್ಟಿಗೆ ಹೀರಲ್ಪಟ್ಟು ಅಂಗಾಂಶ ಕತ್ತರಿಸತ್ತೆ, ಮೇಲಿನ ಪದರಕ್ಕೆ ಏನೂ ಆಗಲ್ಲ. ಆ ಯೂನಿವರ್ಸಿಟಿ ಇರೋ ಆನ್ ಆರ್ಬರ್ ಊರಲ್ಲಿ ಈಗ ಝೂಸ್ ಅನ್ನೋ ಲೇಸರ್ ಇದೆ, 2025ರಲ್ಲಿ 2 ಪೆಟಾವ್ಯಾಟ್ ಮುಟ್ಟಿತು, ಅಂದ್ರೆ ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕೋಟಿ ಪಟ್ಟು ಚಿಕ್ಕ ಕ್ಷಣಕ್ಕೆ 2,000 ಲಕ್ಷ ಕೋಟಿ ವ್ಯಾಟ್.

ಗ್ಯಾಸಿಗೆ ಇಂಥಾ ಬೆಳಕು ಹೊಡೆದ್ರೆ ಎಲೆಕ್ಟ್ರಾನ್ ಪರಮಾಣುವಿನಿಂದ ಕಿತ್ತುಬಂದು, ಕ್ಷೇತ್ರ ತಿರುಗಿದಾಗ ವಾಪಸ್ ಬಂದು ಅಪ್ಪಳಿಸತ್ತೆ, ಆಗ ಎರಡು ಮೂರು ಪಟ್ಟಲ್ಲ, ಹತ್ತಾರು ಪಟ್ಟು ಫ್ರೀಕ್ವೆನ್ಸಿ ಹುಟ್ಟತ್ತೆ. 1987ರಲ್ಲಿ ಫ್ರಾನ್ಸಿನಲ್ಲಿ ಆನ್ ಲುಲಿಯೆ ಮತ್ತು ಸಹೋದ್ಯೋಗಿಗಳು ನೋಡಿದ್ದು ಇದನ್ನ, ಅದರಿಂದಲೇ ಫೆಮ್ಟೋಸೆಕೆಂಡಿಗಿಂತಲೂ ಚಿಕ್ಕದಾದ ಅಟ್ಟೋಸೆಕೆಂಡ್ ಪಲ್ಸ್ ಬಂತು, 2023ರ ನೊಬೆಲ್ ಕೂಡ.

ನಮ್ಮ ಕಡೆ ಬಂದ್ರೆ, ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತಾದಲ್ಲಿ ಕಂಡ ಪರಿಣಾಮಕ್ಕೂ (ವಸ್ತುವಿನಲ್ಲಿ ಚೆದುರಿದ ಬೆಳಕಿನ ಒಂದಿಷ್ಟು ಪಾಲು ಬಣ್ಣ ಬದಲಾಯಿಸೋದು) 1962ರಲ್ಲಿ ಜೋರು ಬೆಳಕಿನ ರೂಪ ಸಿಕ್ತು, ಸ್ಟಿಮ್ಯುಲೇಟೆಡ್ ರಾಮನ್ ಅಂತ. ಬೆಂಗಳೂರಲ್ಲಿ ಅವರೇ ಕಟ್ಟಿದ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಲ್ಲಿ ಆಪ್ಟಿಕಲ್ ಲಿಮಿಟಿಂಗ್ ವಸ್ತುಗಳ ಮೇಲೆ ಕೆಲಸ ನಡೆದಿದೆ, ಮಾಮೂಲಿ ಬೆಳಕನ್ನ ಬಿಡೋ, ಲೇಸರ್ ಜೋರಾದ ಕೂಡಲೇ ತಾನೇ ಕಪ್ಪಾಗಿ ತಡೆಯೋ ವಸ್ತುಗಳು ಅವು, ಕಣ್ಣು ಮತ್ತು ಸೆನ್ಸರ್ ಕಾಪಾಡೋಕೆ. ಮಂಗಳೂರು ಯೂನಿವರ್ಸಿಟಿ, ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್ಐಟಿಕೆ ಕಡೆಯಿಂದ ಸಾವಯವ ಕ್ರಿಸ್ಟಲುಗಳ ಮೇಲೆ ಸಾಕಷ್ಟು ಪೇಪರ್ ಬಂದಿವೆ, ಅಲ್ಲೆಲ್ಲ ಝಡ್-ಸ್ಕ್ಯಾನ್ ಅನ್ನೋ ಹೆಸರು ಕಿವಿಗೆ ಬೀಳ್ತಾನೇ ಇರತ್ತೆ. ಸೆಟಪ್ ಸರಳ, ಒಂದು ಲೆನ್ಸಲ್ಲಿ ಲೇಸರ್ ಫೋಕಸ್ ಮಾಡಿ, ಸ್ಯಾಂಪಲನ್ನ ಆ ಫೋಕಸ್ಸಿನ ಮೂಲಕ ಹಿಂದಿನಿಂದ ಮುಂದಕ್ಕೆ ನಿಧಾನ ಸರಿಸ್ತಾ, ಆಚೆ ಎಷ್ಟು ಬೆಳಕು ಬಂತು ಅಂತ ಅಳೀತಾ ಹೋಗೋದು. ಸ್ಯಾಂಪಲ್ ದೂರ ಇದ್ದಾಗ ಗ್ರಾಫ್ ಚಪ್ಪಟೆ, ಫೋಕಸ್ ಹತ್ತಿರ ಬಂದಾಗ ಗ್ರಾಫಲ್ಲಿ ಒಂದು ಹಳ್ಳವೋ ದಿಬ್ಬವೋ ಏಳತ್ತೆ, ಅದರ ಆಕಾರದಿಂದಲೇ ವಸ್ತು ಜೋರು ಬೆಳಕಿಗೆ ಹೇಗೆ ನಡ್ಕೊಳತ್ತೆ ಅಂತ ಲೆಕ್ಕ ಹಾಕ್ತಾರೆ. ಎಂಎಸ್ಸಿ ಫಿಸಿಕ್ಸ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರು ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಪಲ್ಸ್ಡ್ ಲೇಸರ್ ಇದ್ಯಾ ಅಂತ ಒಂದು ಸಲ ವಿಚಾರಿಸಿ, ಇದ್ರೆ ಈ ಗ್ರಾಫನ್ನ ನೀವೇ ತೆಗೀಬಹುದು. ಆದ್ರೆ ಆ ತರಂಗಾಂತರಕ್ಕೆ ಸರಿಹೊಂದೋ ಸೇಫ್ಟಿ ಗಾಗಲ್ ಹಾಕದೇ ಲ್ಯಾಬ್ ಬಾಗಿಲು ದಾಟಬೇಡಿ.